ಪ್ರತಿ ಸಂಖ್ಯೆ ಎರಡು

ಅಲ್ಮೋ ಪುರಸಭೆಯ ವ್ಯಾಪ್ತಿಯಲ್ಲಿ ವಾಸಿಸುವ ಪ್ರತಿಯೊಬ್ಬ ನಾಗರಿಕರೂ ಒಂದು ಬಿಡಿಗಾಸೂ ಚಂದಾ ಕಟ್ಟದೆ ಯಾವುದೇ ಆಡಿಯೋ ಪುಸ್ತಕವನ್ನು ಕೇಳಬಹುದಾಗಿದೆ. ಇದರಲ್ಲಿ ಮೋಸವೇನೂ ಇಲ್ಲ. ಸರದಿ ಮಾತ್ರ ಇದೆ.

ಹತ್ತೊಂಬತ್ತು ವರ್ಷಗಳಿಂದ ಪುರಸಭೆಯ ಗ್ರಂಥಾಲಯದಲ್ಲಿ, ಬಾಗಿಲಿಗೆ ಎದುರಿನ ಮೇಜಿನ ಹಿಂದೆ ಕೂತು, ಈ ಸರದಿಯನ್ನು ಕಾಪಾಡಿಕೊಂಡು ಬಂದಿರುವವಳು ನಾನು, ಗುನ್ನೆಲ್. ಆಡಿಯೋ ಪುಸ್ತಕವೆಂದರೆ ಫೋನಿಗೆ ಇಳಿಯುವ ಒಂದು ಫೈಲು. ಇಡೀ ಸ್ವೀಡನ್ ಒಟ್ಟಿಗೆ ಕೂತು ಕೇಳಿದರೂ ಅದಕ್ಕೆ ದಣಿವಾಗುವುದಿಲ್ಲ. ಪ್ರಕಾಶಕರಿಗೆ ಆಗುತ್ತದೆ. ಆದಕಾರಣ ನಿಯಮ ನಾಲ್ಕು ಹೀಗಿದೆ: ಒಂದು ಪ್ರತಿ, ಒಬ್ಬ ಕೇಳುಗ, ಹದಿನಾಲ್ಕು ದಿನ. ನಿಯಮ ಐದು: ಇಪ್ಪತ್ತಾರು ಬಾರಿ ಎರವಲು ಹೋದ ಫೈಲು ಸವೆದುಹೋಗಿದೆಯೆಂದು ಭಾವಿಸತಕ್ಕದ್ದು. ಸವೆದ ಫೈಲನ್ನು ನಾವು ಗೌರವದಿಂದ ಅಳಿಸಿ, ಆಮೇಲೆ ಕಾಫಿ ಕುಡಿಯುತ್ತೇವೆ.

ಮಾರ್ಚಿ ತಿಂಗಳ ಒಂದು ಸೋಮವಾರ ಎಸ್ಕಿಲ್ ಬಂದರು. ಫೆರಿ ದೋಣಿ ನಡೆಸಿ ನಿವೃತ್ತರಾದವರು, ಎಂಬತ್ತೊಂದು ವಯಸ್ಸು, ಎರಡೂ ಕಣ್ಣು ಮಂಜು. ಅವರೂ ಅವರ ಹೆಂಡತಿ ಡಾಗ್ನಿಯೂ ‘ಪಾದ್ರಿಯ ಕಾಫಿ’ ಎಂಬ ಪತ್ತೇದಾರಿ ಕಾದಂಬರಿಯನ್ನು ಅಡಿಗೆಮನೆಯಲ್ಲಿ ಕೂತು ಕೇಳುತ್ತಿದ್ದರು. ಇಪ್ಪತ್ತೊಂದನೆಯ ಅಧ್ಯಾಯ ಮುಗಿದ ದಿನ ಡಾಗ್ನಿ ಬಿದ್ದರು. ಅವರನ್ನು ಆಸ್ಪತ್ರೆಗೆ ಸೇರಿಸಿ, ಹಾಸಿಗೆಯ ಪಕ್ಕ ಕೂತು ಎಸ್ಕಿಲ್ ಫೋನು ಒತ್ತುವಷ್ಟರಲ್ಲಿ ಹದಿನಾಲ್ಕು ದಿನ ತುಂಬಿ ಫೈಲು ವಾಪಸಾಗಿತ್ತು.

“ಗುನ್ನೆಲ್, ಆ ಪಾದ್ರಿ ಪುಸ್ತಕ ಇನ್ನೊಂದೆರಡು ಗಂಟೆ ಕೊಡಮ್ಮ. ಬರೀ ಮೂರು ಅಧ್ಯಾಯ ಉಳ್ದಿದೆ.”

“ಅದು ಈಗ ಬೇರೆಯವರ ಹತ್ರ ಹೋಗಿದೆ, ಎಸ್ಕಿಲ್. ನಿಮ್ಮ ಮುಂದೆ ನೂರ ನಲವತ್ತೆರಡು ಜನ ಇದಾರೆ.”

“ಅಂದ್ರೆ ಎಷ್ಟು ದಿನ?”

“ಐದೂವರೆ ವರ್ಷ.”

“ಡಾಗ್ನಿಗೆ ಡಾಕ್ಟ್ರು ಮೂರು ವಾರ ಅಂದಿದಾರೆ.”

ನಾನು ಯೋಚಿಸಿದೆ. ಯೋಚಿಸುವುದಕ್ಕೆ ಯಾವ ನಿಯಮದಲ್ಲೂ ಅಡ್ಡಿಯಿಲ್ಲ. “ಹಾಗಿದ್ರೆ ಇಬ್ಬರ ಹೆಸರನ್ನೂ ಬೇರೆ ಬೇರೆ ಬರ್ಕೊಳ್ತೀನಿ. ಡಾಗ್ನಿ ಮೊದಲು, ನೀವು ಅವರ ಹಿಂದೆ.”

ಚಂದಾ ಕಟ್ಟುವ ದಾರಿಯೂ ಅವರಿಗೆ ಮುಚ್ಚಿಹೋಗಿತ್ತು. ಒಂದು ಆಡಿಯೋ ಕಂಪನಿ ಹೊಸಬರಿಗೆ ಮೊದಲ ತಿಂಗಳು ಬಿಟ್ಟಿ ಕೊಡುತ್ತದೆ. ಎಸ್ಕಿಲ್ ತಮ್ಮ ಹೆಸರಲ್ಲಿ ಒಂದು ತಿಂಗಳು, ಡಾಗ್ನಿಯ ಹೆಸರಲ್ಲಿ ಒಂದು ತಿಂಗಳು, ಆಮೇಲೆ ತೀರಿಕೊಂಡ ನಾಯಿ ಟುಸ್ಸೆಯ ಹೆಸರಲ್ಲಿ ಒಂದು ತಿಂಗಳು ಕೇಳಿದ್ದರು. ಈಗ ದುಡ್ಡು ಕೊಡುತ್ತೇನೆಂದು ಫೋನು ಮಾಡಿದರೆ, ನಾಯಿಯ ನಡತೆಯಿಂದಾಗಿ ಆ ಮನೆಗೆ ಜೀವಾವಧಿ ನಿಷೇಧವಿದೆ ಎಂಬ ಉತ್ತರ ಬಂತು. ಕಣ್ಣು ಕಾಣದವರಿಗೆಂದೇ ಸರದಿಯಿಲ್ಲದ ಬೇರೆ ಪಟ್ಟಿಯೊಂದಿದೆ. ಅದಕ್ಕೆ ಕಣ್ಣಿನ ವೈದ್ಯರ ಪತ್ರ ಬೇಕು, ಆ ವೈದ್ಯರ ಸರದಿ ಒಂಬತ್ತು ತಿಂಗಳು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ನಮ್ಮಲ್ಲಿ ಪೂಜಾರಿಯೂ ಕೊಡಲು ಸಿದ್ಧನಿದ್ದಾನೆ. ಅವನನ್ನು ನೋಡಲು ಸರದಿಯಿದೆ, ಅಷ್ಟೆ.

“ನೀನು ಓದಿದೀಯಲ್ಲ? ವಿಷ ಹಾಕಿದ್ದು ಯಾರು? ಅಷ್ಟಾದ್ರೂ ಹೇಳು. ಅವಳು ದಿನಾ ಅದನ್ನೇ ಕೇಳ್ತಾಳೆ.”

“ನಿಯಮ ಒಂಬತ್ತು, ಎಸ್ಕಿಲ್. ಈ ಮೇಜಿನ ಹಿಂದೆ ಕೂತು ಕತೆಯ ಅಂತ್ಯ ಹೇಳೋ ಹಾಗಿಲ್ಲ.”

ನನಗೆ ಗೊತ್ತಿತ್ತು. ಕೊಲೆಗಾರ್ತಿಯ ಹೆಸರಿನಲ್ಲಿರುವುದು ಎರಡೇ ಅಕ್ಷರ. ಕೆಮ್ಮಿದಷ್ಟು ಹೊತ್ತೂ ಬೇಕಾಗುತ್ತಿರಲಿಲ್ಲ.

ಎಸ್ಕಿಲ್ ನನ್ನ ಬೆನ್ನ ಹಿಂದಿನ ಕಪಾಟಿನತ್ತ ಕೈ ತೋರಿಸಿದರು. “ಅಲ್ಲಿ ಕಾಗದದ್ದು ಇರ್ಬೇಕಲ್ವಾ?”

ಇತ್ತು. ಎರಡು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಕಾಗದದ ಪುಸ್ತಕಕ್ಕೆ ಸರದಿಯಿರಲಿಲ್ಲ.

“ಹಾಗಾದ್ರೆ ನೀನೇ ಬಂದು ಓದಿ ಹೇಳ್ತೀಯಾ?”

“ನಾಳೆ ಊಟದ ಹೊತ್ತಿಗೆ ಬರ್ತೀನಿ,” ಎಂದೆ. ಹತ್ತೊಂಬತ್ತು ವರ್ಷಗಳಲ್ಲಿ ಯಾರನ್ನೂ ಕೇಳದೆ ನಾನು ಆಡಿದ ಮೊದಲ ಮಾತು ಅದು.

ಮರುದಿನ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಕೋಟು ಹಾಕಿಕೊಳ್ಳುವಾಗ ನಮ್ಮ ಮುಖ್ಯಸ್ಥ ಸಿಕ್ಸ್ಟೆನ್ ಎದುರಾದರು. ಎಲ್ಲಿಗೆ ಎಂದು ಕೇಳಿದರು. ಸುಳ್ಳು ಹೇಳಿದ್ದರೆ ಡಾಗ್ನಿ ಕೇಳುತ್ತಿದ್ದ ಕತೆ ಒಂದೆರಡು ಗಂಟೆಯಲ್ಲಿ ಮುಗಿಯುತ್ತಿತ್ತು. ನಾನು ನಿಷ್ಠೆಯಿಂದ ನೌಕರಿ ಮಾಡುವವಳು. ನಿಜ ಹೇಳಿದೆ.

ಸಿಕ್ಸ್ಟೆನ್ ಬೈಯಲಿಲ್ಲ, ತಡೆಯಲೂ ಇಲ್ಲ. ನಾವು ಹಾಗೆಲ್ಲ ಮಾಡುವ ಜನವಲ್ಲ. ಸಭೆ ಕರೆದರು. ದಾಲ್ಚಿನ್ನಿ ಬನ್ನಿನ ಜೊತೆ ಮೂರು ಸುತ್ತು ಕಾಫಿಯಾಗುವಷ್ಟರಲ್ಲಿ ವಿಷಯ ಸ್ಪಷ್ಟವಾಯಿತು.

“ಕಣ್ಣಿಂದ ಒಳಗೆ ಹೋದ್ರೆ ಪುಸ್ತಕ, ಕಿವಿಯಿಂದ ಹೋದ್ರೆ ಆಡಿಯೋ ಪುಸ್ತಕ. ಸರೀನಾ, ಗುನ್ನೆಲ್?” ಎಂದರು ಸಿಕ್ಸ್ಟೆನ್.

“ಸರಿ.”

“ಹಾಗಾದ್ರೆ ನೀನು ಇವತ್ತು ಇಲ್ಲಿಂದ ಹೊರಟಿದ್ದು ಏನಾಗಿ?”

ಉತ್ತರವನ್ನು ಸಭೆಯೇ ಕೊಟ್ಟಿತು. ಅಂದೇ ಮಧ್ಯಾಹ್ನ ಬಾಗಿಲಿಗೆ ಹೀಗೊಂದು ಪ್ರಕಟಣೆ ಅಂಟಿತು:

“ಸಾರ್ವಜನಿಕರ ಹೆಚ್ಚಿನ ಬೇಡಿಕೆಯ ಮೇರೆಗೆ ‘ಪಾದ್ರಿಯ ಕಾಫಿ’ ಆಡಿಯೋ ಪುಸ್ತಕದ ಎರಡನೆಯ ಪ್ರತಿಯನ್ನು (ಗುನ್ನೆಲ್) ಸೇವೆಗೆ ಸೇರಿಸಿಕೊಳ್ಳಲಾಗಿದೆ. ಸರದಿಯ ಅವಧಿಯು ಐದೂವರೆ ವರ್ಷಗಳಿಂದ ಎರಡೂಮುಕ್ಕಾಲು ವರ್ಷಗಳಿಗೆ ಇಳಿದಿರುವುದನ್ನು ತಿಳಿಸಲು ಹರ್ಷಿಸುತ್ತೇವೆ. ಕಪಾಟಿನಲ್ಲಿದ್ದ ಮುದ್ರಿತ ಪುಸ್ತಕವು ಇನ್ನು ಮುಂದೆ ಸದರಿ ಪ್ರತಿಯ ಬಿಡಿಭಾಗವಾಗಿದ್ದು, ಪ್ರತ್ಯೇಕವಾಗಿ ಎರವಲು ದೊರೆಯುವುದಿಲ್ಲ.”

ನನ್ನ ಸ್ವೆಟರಿನ ಎದೆಗೆ ಬಾರ್‌ಕೋಡ್ ಅಂಟಿಸಿದರು. ನೌಕರರ ಸಂಘ ಸುಮ್ಮನಿರಲಿಲ್ಲ. ಎರಡು ದಿನ ಹೋರಾಡಿ ಪ್ರತಿಗೆ ದಿನಕ್ಕೆರಡು ಕಾಫಿ ವಿರಾಮ ಗೆದ್ದುಕೊಟ್ಟಿತು. ಎಸ್ಕಿಲ್ ಫೋನು ಮಾಡಿ, “ನೀನು ಬರ್ತೀನಿ ಅಂದಿದ್ದೆ, ಅವಳು ಕಾಯ್ತಾ ಇದಾಳೆ,” ಅಂದರು. ಪ್ರತಿ ಈಗ ಸರದಿಯ ಮೊದಲನೆಯವರಿಗೆ ಹೋಗಬೇಕೆಂದು ವಿವರಿಸಿದೆ. ಅವರಿಗೆ ತಕ್ಷಣ ಅರ್ಥವಾಯಿತು. ಅದೇ ನನಗೆ ಸಂಕಟವಾದದ್ದು.

ಸರದಿಯ ಮೊದಲನೆಯವರು ತೂರೆ ಎಂಬುವರು. ಬಾಗಿಲಲ್ಲೇ ನನ್ನ ಬಾರ್‌ಕೋಡ್ ನೋಡಿ ಸಹಿ ಹಾಕಿ, ಅಡಿಗೆಮನೆಯಲ್ಲಿ ರೇಡಿಯೋ ಪಕ್ಕದ ಕುರ್ಚಿ ತೋರಿಸಿ, ಬೇಲಿಗೆ ಬಣ್ಣ ಹಚ್ಚಲು ಹೋದರು. ನಾನು ಪ್ರತಿದಿನ ಎಂಟರಿಂದ ಐದರವರೆಗೆ ಆ ಕುರ್ಚಿಯಲ್ಲಿ ಕೂತೆ.

“ಶುರು ಮಾಡ್ಲಾ, ತೂರೆ?”

“ಈಗ ಬೇಡ. ಬೇಲಿ ಮುಗೀಲಿ.”

“ಕೇಳೋದಿಲ್ಲ ಅಂದ್ರೆ ವಾಪಸ್ ಮಾಡಿ. ಆಸ್ಪತ್ರೇಲಿ ಒಬ್ಬರು ಕಾಯ್ತಿದಾರೆ.”

“ವಾಪಸ್ ಮಾಡಿದ್ರೆ ಅವರಿಗೆ ಹೋಗುತ್ತಾ?”

“ಇಲ್ಲ. ಎರಡನೆಯವರಿಗೆ.”

“ಮತ್ತೆ? ನಾಲ್ಕು ವರ್ಷ ಕಾದಿದೀನಿ. ಹದಿನಾಲ್ಕು ದಿನ ನಂದು.”

ಆತನ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ತಲೆತಲಾಂತರದಿಂದ ಇಂಥ ಮಾತಿನಲ್ಲಿ ತಪ್ಪು ಸಿಗದಂತೆಯೇ ನಮ್ಮನ್ನು ಬೆಳೆಸಿದ್ದಾರೆ.

ಹನ್ನೊಂದನೆಯ ದಿನ ಡಾಗ್ನಿ ತೀರಿಕೊಂಡರು. ಕೊನೆಯ ದಿನವೂ ಎಚ್ಚರವಿದ್ದಾಗ, “ಅಡಿಗೆಯವಳಾ, ಪಾದ್ರಿಯ ತಂಗಿಯಾ?” ಎಂದು ಎಸ್ಕಿಲ್ ಅವರನ್ನು ಕೇಳಿದರಂತೆ. ನಾನಾಗ ತೂರೆಯ ಅಡಿಗೆಮನೆಯಲ್ಲಿ ತೆರೆಯದ ಪ್ರತಿಯಾಗಿ ಕೂತಿದ್ದೆ. ಬೇಲಿಗೆ ಎರಡನೆಯ ಸಲ ಬಣ್ಣ ಹಚ್ಚುವುದು ನಡೆದಿತ್ತು.

ಅಂತ್ಯಕ್ರಿಯೆಗೆ ಊರಿನ ಬಹಳ ಜನ ಬಂದಿದ್ದರು. ಪುಸ್ತಕ ಪೂರ್ತಿ ಕೇಳಿ ಮುಗಿಸಿದವರೇ ಒಂಬತ್ತು ಜನರಿದ್ದರು, ಎಣಿಸಿದ್ದೇನೆ. ಒಬ್ಬೊಬ್ಬರೂ ಪೆಟ್ಟಿಗೆಯ ಮೇಲೆ ಹೂವಿಟ್ಟು, ಒಂದು ನಿಮಿಷ ಬಾಗಿ ನಿಂತು, ಏನೂ ಹೇಳದೆ ಬಂದರು. ನಾನೂ ಹಾಗೇ ಬಂದೆ. ಆಮೇಲೆ ಚರ್ಚಿನ ಪಕ್ಕದ ಕೋಣೆಯಲ್ಲಿ ಪಾದ್ರಿಗಳು ಕಾಫಿ ಲೋಟ ಎತ್ತಿದಾಗ ನಾವು ಹತ್ತು ಜನ ಮಾತ್ರ ಒಮ್ಮೆ ಅತ್ತ ನೋಡಿದೆವು.

ಎರವಲು ಮುಗಿಸಿ ನಾನು ಮೇಜಿಗೆ ಮರಳಿದ ದಿನ, ಪ್ರತಿಗೆ ಒಂದು ದಿನದ ಕಡ್ಡಾಯ ವಿಶ್ರಾಂತಿಯಿದ್ದಾಗ, ಎಸ್ಕಿಲ್ ಬಾಗಿಲಲ್ಲಿ ಸಂಖ್ಯೆಯ ಚೀಟಿ ಹರಿದುಕೊಂಡು, ಕಾದು, ತಮ್ಮ ಸಂಖ್ಯೆ ಬಂದಾಗ ಎದುರು ನಿಂತರು. ಫೋನು ಮುಂದೆ ಹಿಡಿದರು.

“ಏನೋ ಬಂದಿದೆ. ಓದಮ್ಮ, ನನಗೆ ಕಾಣಲ್ಲ.”

ಓದಿದೆ. “ಅಭಿನಂದನೆಗಳು, ಎಸ್ಕಿಲ್! ನಿಮ್ಮ ಮುಂದಿದ್ದ ಒಬ್ಬರು ಸರದಿಯಿಂದ ಹೊರಹೋದ ಕಾರಣ ನೀವು ಒಂದು ಸ್ಥಾನ ಮುಂದೆ ಬಂದಿದ್ದೀರಿ. ಕೇಳುವ ಸುಖ ನಿಮ್ಮದಾಗಲಿ.”

“ನನ್ನ ಮುಂದೆ ಇದ್ದದ್ದು ಡಾಗ್ನಿ.”

“ಹೌದು.”

ಅವರು ಫೋನನ್ನು ಜೇಬಿಗಿಟ್ಟುಕೊಳ್ಳಲು ಎರಡು ಸಲ ಪ್ರಯತ್ನಿಸಿದರು. ಜೇಬು ಸಿಗಲಿಲ್ಲ. ನನಗೆ ತಡೆಯಲಾಗಲಿಲ್ಲ. ನಿಯಮ ಒಂಬತ್ತು ಹಾಳಾಗಲಿ ಎಂದು ಮೇಜಿನ ಮೇಲೆ ಬಾಗಿ, “ಎಸ್ಕಿಲ್, ಇಲ್ಲಿ ಬನ್ನಿ, ವಿಷ ಹಾಕಿದ್ದು—” ಎಂದೆ.

ಎಸ್ಕಿಲ್ ಕೈಯೆತ್ತಿ ತಡೆದರು.

“ಬೇಡ, ಗುನ್ನೆಲ್. ಮುಂದೆ ಅಷ್ಟು ಜನ ಕಾಯ್ತಿದಾರೆ. ಅವಳೇ ಕಾದ್ಲು.”

ಅವರ ಹಿಂದೆ ಚೀಟಿ ಹಿಡಿದು ನಿಂತಿದ್ದ ಮೂವರೂ ಮೆಚ್ಚಿ ತಲೆಯಾಡಿಸಿದರು. ನಾನು ಎದೆಯ ಮೇಲಿನ ಬಾರ್‌ಕೋಡ್ ಸರಿಪಡಿಸಿಕೊಂಡು ಮುಂದಿನ ಸಂಖ್ಯೆ ಕರೆದೆ.