ಕುಬಸದ ದಿನ ಬಂದ ಸರ್ವೆ

ಸಭೆಯಲ್ಲಿ ನಿದ್ದೆ ಹೋದ ತಪ್ಪಿಗೆ ಕುಬೇರಪ್ಪ ಅಧ್ಯಕ್ಷನಾದ.

ಆದದ್ದಿಷ್ಟು. ಕುಂದಗೋಳದ ಹತ್ತಿರದ ಯರಿಹೊಸಳ್ಳಿಯಲ್ಲಿ ಕುಬೇರಪ್ಪನ ಹೊಲದ ಬದುವಿಗೆ ಹತ್ತಿಕೊಂಡಂತೆ ಇದ್ದ ಇಪ್ಪತ್ತು ಎಕರೆ ಎರೆಹೊಲವನ್ನು ಹುಬ್ಬಳ್ಳಿಯ ಬಿಲ್ಡರ್ ಕಿರಣಕುಮಾರ ಕೊಂಡುಕೊಂಡಿದ್ದ. ಅಲ್ಲಿ ಇನ್ನೂರು ಮನೆಗಳ ಲೇಔಟ್ ಏಳುವುದಿತ್ತು. ಎದ್ದರೆ ಚಕ್ಕಡಿ ದಾರಿ ಮುಚ್ಚಿಹೋಗುತ್ತದೆ, ಕೆರೆಗೆ ಹೋಗುವ ಹಳ್ಳ ಗಟಾರವಾಗುತ್ತದೆ. ಊರಿಗೆ ಊರೇ ಸಿಟ್ಟಿಗೆದ್ದು ಗುಡಿಯಲ್ಲಿ ಸೇರಿ ಹೋರಾಟ ಸಮಿತಿ ಕಟ್ಟಿತು. ಅಧ್ಯಕ್ಷ ನಾನಾಗಬೇಕೆಂದು ಶಂಕ್ರಪ್ಪ ಕೂತ, ನಾನೇ ಎಂದು ಹನಮಂತಪ್ಪ ನಿಂತ. ಎರಡು ತಾಸು ಕಿತ್ತಾಡಿದರೂ ಒಬ್ಬರಿಗೊಬ್ಬರು ಸೋಲಲಿಲ್ಲ. ಕಡೆಗೆ ಇಬ್ಬರಿಗೂ ಬೇಡವೆಂದು, ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದ ಕುಬೇರಪ್ಪನ ಕೊರಳಿಗೆ ಮಾಲೆ ಹಾಕಿ ಚಪ್ಪಾಳೆ ತಟ್ಟಿದರು. ಆ ಸಪ್ಪಳಕ್ಕೇ ಅವನಿಗೆ ಎಚ್ಚರವಾದದ್ದು. ಶಂಕ್ರಪ್ಪ ಕಾರ್ಯದರ್ಶಿಯಾಗಿ ಸಮಾಧಾನ ಮಾಡಿಕೊಂಡ.

ಹಾಗಂತ ಕುಬೇರಪ್ಪನಿಗೆ ಲೇಔಟ್ ಬೇಕಾಗಿತ್ತೆಂದಲ್ಲ. ಎಲ್ಲರಿಗಿಂತ ಹೆಚ್ಚು ಸಂಕಟ ಅವನದೇ. ಅವನ ಮನೆ ಓಣಿಯ ನಟ್ಟನಡುವೆ. ಕಟ್ಟೆಯ ಮೇಲೆ ಕೂತರೆ "ಯಾಕ ಸುಮ್ಮನ ಕುಂತಿ?" ಎನ್ನುವವರು, ಎದ್ದರೆ "ಎಲ್ಲಿಗೆ ಹೊಂಟಿ?" ಎನ್ನುವವರು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ "ಮೈಯಾಗ ಆರಾಮಿಲ್ಲೇನು?" ಎಂದು ಕಿಟಕಿಯಿಂದ ಇಣುಕುವವರು. ಯಾರೂ ಏನನ್ನೂ ಕೇಳದ ಜಾಗವೆಂದರೆ ಅವನಿಗೆ ಒಂದೇ, ತನ್ನ ಹೊಲದ ಬದುವಿನ ಬನ್ನಿಗಿಡದ ಬುಡ. ಮಧ್ಯಾಹ್ನ ರೊಟ್ಟಿ ತಿಂದು, ಟವೆಲ್ಲನ್ನು ತಲೆಯ ಕೆಳಗಿಟ್ಟು ಅಲ್ಲಿ ಮಲಗಿದನೆಂದರೆ ಅವನೇ ಮಹಾರಾಜ. ಆ ಬದುವಿನ ಆಚೆಗೇ ಇನ್ನೂರು ಮನೆ, ಇನ್ನೂರು ಮಿಕ್ಸರ್, ಇನ್ನೂರು ಟಿ.ವಿ. ಬರುತ್ತವೆಂದರೆ ಅವನ ನಿದ್ದೆಯ ಗತಿ ಏನು?

ಸೀಗೆ ಹುಣ್ಣಿಮೆಯ ಮುಂಜಾನೆ ಶಂಕ್ರಪ್ಪ ಏದುಸಿರು ಬಿಡುತ್ತಾ ಬಂದ.

"ಅಧ್ಯಕ್ಷರ, ಅವ ಇವತ್ತ ಬರಾಕತ್ತಾನ್ರಿ! ಸರ್ಕಾರಿ ಸೂಟಿ ನೋಡ್ಕೊಂಡ ಕಲ್ಲು ನೆಡಾಕ ಬರಾಕತ್ತಾನ. ಕಲ್ಲು ನಟ್ಟರ ಮುಗೀತ್ರಿ, ಆಮ್ಯಾಲೆ ಕೀಳಸಾಕ ಕೋರ್ಟ ಕಟ್ಟಿ ಹತ್ತಬೇಕು. ಇವತ್ತೊಂದಿನ ತಡದ ಬಿಡ್ರಿ. ನಾಳೆ ಆಫೀಸ ತಗದಕೂಡ್ಲೆ ಎಲ್ಲಾರೂ ತಹಶೀಲ್ದಾರ್ ಕಡೆ ಹೋಗೂಣು."

"ನೀನೂ ಜೋಡಿ ಬಾರಪಾ," ಎಂದ ಕುಬೇರಪ್ಪ.

"ನಮ್ಮ ಮನ್ಯಾಗ ಇನ್ನೂ ಕಡಬು ಕರದಿಲ್ರಿ. ನೀವು ಮುಂದ ನಡೀರಿ, ನಾ ಹಿಂದ ಬಂದೆ. ಅವನ ಕಾರಿನ ಮುಂದ ನಿಂತು ಒಂದ ಮಾತ ಹೇಳ್ರಿ ಸಾಕು: 'ನಮ್ಮ ಹೆಣದ ಮ್ಯಾಲೆ ಕಲ್ಲು ನೆಡ್ರಿ!' ಗಟ್ಟಿಯಾಗಿ ಹೇಳ್ರಿ ಮತ್ತ."

ಕುಬೇರಪ್ಪ ಚಕ್ಕಡಿಯಲ್ಲಿ ಕೂತು ಹೊಲ ಮುಟ್ಟುವವರೆಗೂ ಅದೇ ಮಾತನ್ನು ಬಾಯಲ್ಲೇ ಉರು ಹೊಡೆದ. ಜೊತೆಗೆ ಹೆಂಡತಿ ನೀಲಕ್ಕ, ಬುತ್ತಿಗಂಟುಗಳ ನಡುವೆ ಸೂಲಗಿತ್ತಿ ಮರೆವ್ವ. ಅರ್ಧ ಊರನ್ನು ಈ ಲೋಕಕ್ಕೆ ಎಳೆದು ಹಾಕಿದ ಮುದುಕಿ ಅವಳು. ಸೀಗೆ ಹುಣ್ಣಿಮೆಗೆ ಅವಳಿಲ್ಲದೆ ಯಾವ ಹೊಲದ ಪೂಜೆಯೂ ಆಗುವುದಿಲ್ಲ. ಯಾಕೆಂದರೆ ಅಂದು ಭೂಮಿತಾಯಿಗೆ ಕುಬಸ. ಬೆಳೆ ಕಾಳು ಕಟ್ಟುವ ಹೊತ್ತು, ತಾಯಿ ತುಂಬಿದ ಬಸುರಿ. ಅವಳಿಗೆ ಹಸಿರು ಖಣ, ಬಳೆ ಏರಿಸಿ, ಬಯಕೆಯ ಅಡಿಗೆಯನ್ನೆಲ್ಲ ಹೊಲದ ತುಂಬ ಚರಗ ಚೆಲ್ಲಿ, ಆಮೇಲೆ ಬಂದವರಿಗೆಲ್ಲ ಊಟ. ಅಂದು ಹೊಲಕ್ಕೆ ಕಾಲಿಟ್ಟವನು, ವೈರಿಯಾದರೂ ಸರಿ, ಉಣ್ಣದೆ ಹೋಗುವಂತಿಲ್ಲ.

ಕುಬೇರಪ್ಪ ಚರಗದ ಬುಟ್ಟಿ ಹಿಡಿದು "ಹುಲ್ಲುಲಿಗ್ಯೋ" ಎಂದು ಕೂಗುತ್ತಾ ಶೇಂಗಾ ಸಾಲಿನಲ್ಲಿ ಅರ್ಧ ದಾರಿ ಹೋಗಿರಲಿಲ್ಲ, ಬದುವಿನ ಆಚೆ ಬಿಳಿ ಕಾರು ಬಂದು ನಿಂತಿತು. ಹಿಂದೊಂದು ಟೆಂಪೋ, ಅದರ ತುಂಬ ಕಲ್ಲು, ಎಂಟು ಮಂದಿ ಕೆಲಸಗಾರರು, ಮೂರು ಕಾಲಿನ ಮಷಿನ್ ಹೊತ್ತ ಸರ್ವೇಯರ್. ಕಾರಿನ ಬಾಗಿಲು ತೆರೆಯುವ ಮೊದಲೇ ಕಿರಣಕುಮಾರನ ಮಾತು ಹೊರಗೆ ಬಂತು. ಒಂದು ಫೋನು ಕಿವಿಯಲ್ಲಿ, ಇನ್ನೊಂದು ಸ್ಪೀಕರಿನಲ್ಲಿ, ನಡುನಡುವೆ ಡ್ರೈವರನಿಗೆ ಬೈಗುಳ. ಆ ಮನುಷ್ಯ ಉಸಿರು ಯಾವಾಗ ತೆಗೆದುಕೊಳ್ಳುತ್ತಾನೆಂದು ಕುಬೇರಪ್ಪನಿಗೆ ಆಶ್ಚರ್ಯವಾಯಿತು.

ಧೈರ್ಯ ತಂದುಕೊಂಡು ಹೋಗಿ ಕಾರಿನ ಮುಂದೆ ನಿಂತ. ಎದೆಯುಬ್ಬಿಸಿ "ನಮ್ಮ..." ಎಂದ. ಅಷ್ಟರಲ್ಲಿ ಹಿಂದಿನಿಂದ ನೀಲಕ್ಕ ಕೂಗಿದಳು.

"ಯಾರ್ರೀ ಬಂದವ್ರು? ಬಿಸಲಾಗ ನಿಂದರಸಬ್ಯಾಡ್ರಿ, ಉಣಾಕ ಕರಕೊಂಡ ಬರ್ರಿ!"

ಮೂವತ್ತು ವರ್ಷ ಸಂಸಾರ ಮಾಡಿದವನ ಬಾಯಿ ಅದು. ಹೆಂಡತಿಯ ದನಿ ಕೇಳಿದ ಮೇಲೆ ತನ್ನಷ್ಟಕ್ಕೆ ತಾನೇ ತಿರುಗಿಬಿಟ್ಟಿತು.

"ನಮ್ಮ ಹೊಲದಾಗ ಉಂಡು ಕಲ್ಲು ನೆಡ್ರಿ!" ಎಂದು ಗಟ್ಟಿಯಾಗಿ ಹೇಳಿಬಿಟ್ಟ.

ಕಲ್ಲೇಟು ಬೀಳಬಹುದೆಂದು ಅಂಜಿ ಬಂದಿದ್ದ ಕಿರಣಕುಮಾರ ಫೋನು ಇಳಿಸಿದ. ಕೆಲಸಗಾರರು ಅಪ್ಪಣೆಗೂ ಕಾಯದೆ ಟೆಂಪೋದಿಂದ ಧುಮುಕಿ ಕೈ ತೊಳೆಯಲು ನೀರು ಹುಡುಕಿದರು.

"ಬ್ಯಾಡ್ರಿ ಯಜಮಾನ್ರ, ನಾಷ್ಟಾ ಆಗೇತಿ," ಎಂದು ಕಿರಣಕುಮಾರ ಹೇಳಿ ನೋಡಿದ.

"ಏನ್ ನಾಷ್ಟಾನೋ ತಮ್ಮಾ!" ನೀಲಕ್ಕ ಅವನ ತೋಳು ಹಿಡಿದು ಕಂಬಳಿಯ ಮೇಲೆ ಕೂಡಿಸಿದಳು. "ಮಾರಿ ನೋಡು, ಹೆಂಗ ಒಣಗೇತಿ. ಮೊದ್ಲ ಉಣ್ಣು, ಆಮ್ಯಾಲೆ ಮಾತು."

ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ, ಕರಿಗಡಬು, ಮೊಸರನ್ನ. ಕಿರಣಕುಮಾರ ಮೊದಲ ತುತ್ತು ಬಾಯಿಗಿಟ್ಟ ಮೇಲೆ ಕಾಲು ಗಂಟೆ ಒಂದು ಮಾತೂ ಆಡಲಿಲ್ಲ. ಫೋನು ಎಂಟು ಸಲ ಹೊಡೆದುಕೊಂಡು ತಾನೇ ಸುಮ್ಮನಾಯಿತು.

ಇಲ್ಲಿಗೆ ಮುಗಿದಿದ್ದರೆ ಒಂದು ಲೆಕ್ಕ. ಬಾಜೂ ಹೊಲದ ಶಮೀಮಾಬಿ ಹೋಳಿಗೆಯ ಡಬ್ಬಿ ಹಿಡಿದು ಬಂದಳು. "ನೀಲಕ್ಕನ ಕೈಯಾಗ ಉಂಡು ನನ್ನ ಹೊಲಾ ದಾಟಿ ಹೊಕ್ಕೀರೇನು? ನಾ ಏನ್ ಪಾಪಾ ಮಾಡೇನಿ?" ಎಂದು ಎಲ್ಲರನ್ನೂ ಎಬ್ಬಿಸಿ ಕರೆದೊಯ್ದಳು. ಅಲ್ಲಿ ಶೇಂಗಾ ಹೋಳಿಗೆ, ತುಪ್ಪ. ಅದನ್ನು ಕಂಡ ಹನಮಂತಪ್ಪನಿಗೆ ಮರ್ಯಾದೆಯ ಪ್ರಶ್ನೆಯಾಯಿತು. "ಅಧ್ಯಕ್ಷ ಆಗಲಿಲ್ಲ ಅಂತ ನಮ್ಮ ಮನಿ ಅಡಗಿ ಕೆಟ್ಟತೇನು?" ಎಂದು ತನ್ನ ಹೊಲಕ್ಕೆ ಎಳೆದ. ಅಲ್ಲಿ ಝುಣಕದ ವಡೆ, ಮಾದಲಿ. ಹೋದಲ್ಲೆಲ್ಲ ಅಧ್ಯಕ್ಷನೂ ಪಂಕ್ತಿಯಲ್ಲಿ ಕೂಡಲೇಬೇಕು. ಕುಬೇರಪ್ಪನ ಹೊಟ್ಟೆ ನಗಾರಿಯಾಗಿತ್ತು, ಕಣ್ಣು ಬನ್ನಿಗಿಡವನ್ನೇ ನೋಡುತ್ತಿದ್ದವು.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅವನೂ ಬಿಲ್ಡರೂ ಒಂದೇ ಹೋಳಿಗೆ ಮುರಿದು ತಿನ್ನುವ ಫೋಟೋ ತೆಗೆದು ಹೋರಾಟ ಸಮಿತಿಯ ವಾಟ್ಸಾಪಿಗೆ ಬಿಟ್ಟರು. ಹತ್ತೇ ನಿಮಿಷದಲ್ಲಿ ಶಂಕ್ರಪ್ಪ ಇಪ್ಪತ್ತು ಮಂದಿಯನ್ನು ಕಟ್ಟಿಕೊಂಡು ಬಂದ.

"ಅಧ್ಯಕ್ಷರು ಮಾರಾಟ ಆಗ್ಯಾರ! ಊರ ಹೊಲಾ ಒಂದ ಹೋಳಗಿಗೆ ಕೊಟ್ಟಾರ!"

"ಲೇ ಶಂಕ್ರಪ್ಪ, ನಾ ಎಲ್ಲಿ..." ಎಂದ ಕುಬೇರಪ್ಪ. ತೇಗು ಬಂದು ಮುಂದಿನ ಮಾತು ನಿಂತಿತು.

"ತೇಗ ನೋಡ್ರಿ! ಸಾಕ್ಷಿ ಇನ್ನೇನ ಬೇಕು?"

ಈ ಗದ್ದಲದಲ್ಲಿ ಕಿರಣಕುಮಾರನಿಗೆ ಬಂದ ಕೆಲಸ ನೆನಪಾಯಿತು. "ನಡೀರಿ ನಡೀರಿ, ಕಲ್ಲು ಇಳಸ್ರಿ," ಎಂದು ಎದ್ದು ಎಲ್ಲರನ್ನೂ ತನ್ನ ಹೊಲಕ್ಕೆ ಕರೆದೊಯ್ದ. ಸರ್ವೇಯರ್ ಮಷಿನ್ನಿಗೆ ಕಣ್ಣಿಟ್ಟವನು ಹಾಗೇ ನಿಂತುಬಿಟ್ಟ. ಹತ್ತಿರ ಹೋಗಿ ನೋಡಿದರೆ ನಿಂತಲ್ಲೇ ನಿದ್ದೆ. ಅವನನ್ನು ಅಲುಗಾಡಿಸಿ ಎಬ್ಬಿಸಿ ಮೊದಲ ಗುರುತು ಹಾಕಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಒಬ್ಬ ಕೆಲಸಗಾರ ಗೂಟ ಇಟ್ಟು ಸುತ್ತಿಗೆ ಎತ್ತಿದ. ಕುಬೇರಪ್ಪ ಕಣ್ಣು ಮುಚ್ಚಿಕೊಂಡ.

"ಹೊಡಿಯಪಾ, ಹೊಡಿ!"

ಕಣ್ಣು ತೆರೆದರೆ ಮರೆವ್ವ. ಕೋಲೂರಿಕೊಂಡು ಗೂಟದ ಮುಂದೆ ನಿಂತಿದ್ದಳು.

"ಹೊಡಿ. ಐವತ್ತ ವರ್ಷಾ ಬಾಣಂತನ ಮಾಡೇನಿ, ತುಂಬಿದ ಬಸರಿ ಹೊಟ್ಟಿಗೆ ಕುಬಸದ ದಿನಾನ ಗೂಟಾ ಹೊಡಿಯೂದು ನಾ ಎಲ್ಲೂ ನೋಡಿಲ್ಲ. ಆಕಿ ಕೈಯಾಗ ಈಗ ಉಂಡೀಯಲ್ಲೋ, ಇನ್ನೂ ನಿನ್ನ ಕೈ ವಾಸನಿ ಹೋಗಿಲ್ಲ. ಹೊಡಿ, ನೋಡೂಣು."

ಸುತ್ತಿಗೆ ಎತ್ತಿದವನು ತನ್ನ ಕೈಯನ್ನು ಮೂಸಿಯೇ ನೋಡಿದ. ಆಮೇಲೆ ಸುತ್ತಿಗೆ ಕೆಳಗಿಟ್ಟ.

"ನನ್ನ ಕೈಲೆ ಆಗೂದಿಲ್ರಿ ಸಾಹೇಬ್ರ. ನಮ್ಮ ಮನ್ಯಾಗ ಆಕಿಗೆ ಏಳ ತಿಂಗಳ ನಡದಾವ್ರಿ."

ಉಳಿದ ಏಳು ಮಂದಿಯೂ ಹಿಂದೆ ಸರಿದರು. ಕಿರಣಕುಮಾರ ಎಲ್ಲರ ಮುಖ ನೋಡಿದ. ನೀಲಕ್ಕ "ನೀರ ಕುಡಿಯೋ ತಮ್ಮಾ," ಎಂದು ತಂಬಿಗೆ ಕೊಟ್ಟಳು ಅಷ್ಟೆ. ಅಷ್ಟಕ್ಕೇ ಆ ಮನುಷ್ಯನ ಕಣ್ಣು ತುಂಬಿ ಬಂದವು.

"ನಮ್ಮ ಅಕ್ಕ ತೀರಕೊಂಡ ಹನ್ನೆರಡ ವರ್ಷಾತ್ರಿ," ಎಂದ. "ಅವತ್ತಿನಿಂದ ನನಗ ಯಾರೂ ಕೈ ಹಿಡದ ಉಣಾಕ ಕೂಡಿಸಿಲ್ಲ. ಕಲ್ಲ ವಾಪಸ್ ಹೇರ್ರಿ ಟೆಂಪೋದಾಗ. ಲೇಔಟ್ ಇಲ್ಲ, ಏನೂ ಇಲ್ಲ. ಈ ಹೊಲಾ ಹೊಲಾ ಆಗೇ ಇರ್ಲಿ!"

ಊರು ಹೋ ಎಂದು ಕೂಗಿತು. ಮಾರಾಟವಾಗಿದ್ದ ಅಧ್ಯಕ್ಷನನ್ನು ಶಂಕ್ರಪ್ಪನೇ ಹೆಗಲ ಮೇಲೆ ಹೊತ್ತು ಕುಣಿದ. "ಉಣಿಸೇ ಗೆದ್ದಾರ ನಮ್ಮ ಅಧ್ಯಕ್ಷರು! ಏನ್ ತಲಿ, ಏನ್ ತಲಿ!" ಎಂದ. ಹನಮಂತಪ್ಪ ಕೂಡ ಚಪ್ಪಾಳೆ ತಟ್ಟಿದ. ಹೆಗಲ ಮೇಲೆ ಕೂತ ಕುಬೇರಪ್ಪನಿಗೆ ಆನಂದದಿಂದ ಕಣ್ಣೀರೇ ಬಂತು. ಇನ್ನೂರು ಮಿಕ್ಸರ್ ಇಲ್ಲ, ಇನ್ನೂರು ಟಿ.ವಿ. ಇಲ್ಲ. ಬನ್ನಿಗಿಡದ ಬುಡ ಇನ್ನು ಜನ್ಮವಿಡೀ ಅವನದೇ.

ಕೆಳಗಿಳಿದು ನೋಡಿದರೆ ನೀಲಕ್ಕನೂ ಕಿರಣಕುಮಾರನೂ ಬದುವಿನ ಮೇಲೆ ನಿಂತು ಹೆಜ್ಜೆ ಅಳೆಯುತ್ತಿದ್ದರು.

"ರೀ, ಕೇಳಿದ್ರೇನು?" ನೀಲಕ್ಕನ ಮುಖ ಹುಣ್ಣಿಮೆಯಾಗಿತ್ತು. "ನಮ್ಮ ತಮ್ಮ ಇಲ್ಲೇ ಒಂದ ಸಣ್ಣ ಮನಿ ಕಟ್ಟಿಸ್ತಾನಂತ, ತನಗ ಅಷ್ಟ. ನನಗರ ತವರಮನ್ಯಾಗ ಯಾರದಾರ್ರಿ? ಇನ್ನ ಮ್ಯಾಲೆ ನನ್ನ ತವರು ಈ ಬದುವಿನ ಆಚೆ!"

"ಅಕ್ಕನ ಹೊಲದ ಬಾಜೂಕ ಇರ್ತೇನ್ರಿ ಮಾಮಾ," ಎಂದ ಕಿರಣಕುಮಾರ. ಕಾಲು ಗಂಟೆಯ ಮೌನಕ್ಕೆ ಬಡ್ಡಿ ತೀರಿಸುವವನಂತೆ ಅವನ ಮಾತು ಮತ್ತೆ ಶುರುವಾಗಿತ್ತು. "ಹುಬ್ಬಳ್ಳಿ ಸಾಕಾತ್ರಿ. ಆಫೀಸ್ ಕೆಲಸಾ ಎಲ್ಲಾ ಫೋನಿನಾಗ ಮಾಡ್ತೇನಿ. ದಿನಾ ಮಧ್ಯಾಹ್ನ ನಾನು ನೀವು ಗಿಡದ ಬುಡಕ ಕುಂತ ಮಾತಾಡೂಣು. ನನಗ ಒಬ್ಬವನಽ ಇರಾಕ ಬರೂದಿಲ್ರಿ, ಯಾರರ ಕೇಳಾವ್ರು ಬೇಕು. ಹಲೋ... ಹಾಂ, ಹೇಳ್ರಿ... ಇಲ್ರಿ, ನಾ ನಮ್ಮ ಅಕ್ಕನ ಹೊಲದಾಗ ಅದೇನಿ..."

ಕುಬೇರಪ್ಪ ಶಂಕ್ರಪ್ಪನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಶಂಕ್ರಪ್ಪ, ಸಮಿತಿ ಕರಿ! ಈಗಿಂದೀಗ ಕರಿ! ಅವ ಮನಿ ಕಟ್ಟತಾನಂತ!"

"ಏನ್ ಮಾತಾಡ್ತೀರಿ ಅಧ್ಯಕ್ಷರ?" ಶಂಕ್ರಪ್ಪ ತೋಳು ಬಿಡಿಸಿಕೊಂಡ. "ಬಿಲ್ಡರ್ ಆಗಿದ್ರ ಧರಣಿ ಕೂಡ್ತಿದ್ವಿ. ಹೆಂಡ್ತಿ ತಮ್ಮನ ವಿರುದ್ಧ ಯಾವ ಸಮಿತಿ ಕೂಡ್ತತ್ರಿ? ಅದೂ ನೀಲಕ್ಕನ ಎದುರಿಗೆ!"

ಕುಬೇರಪ್ಪ ಟವೆಲ್ ಕೊಡವಿ ಬನ್ನಿಗಿಡದ ಕಡೆ ನಡೆದ. ಇವತ್ತೊಂದು ದಿನವಾದರೂ ಮಲಗಿಬಿಡೋಣ ಎಂದುಕೊಂಡ. ಹೋಗಿ ನೋಡುವಷ್ಟರಲ್ಲಿ ಕಿರಣಕುಮಾರ ಅವನಿಗಿಂತ ಮೊದಲೇ ಬಂದು ಬುಡದಲ್ಲಿ ಕಾಲು ಚಾಚಿದ್ದ. ಫೋನನ್ನು ಎದೆಯ ಮೇಲೆ ಸ್ಪೀಕರಿಗಿಟ್ಟು ಬಾಜೂಕಿನ ನೆಲವನ್ನು ಪ್ರೀತಿಯಿಂದ ತಟ್ಟಿದ.

"ಬರ್ರಿ ಮಾಮಾ, ಬರ್ರಿ. ಯಾಕ ಸುಮ್ಮನ ನಿಂತೀರಿ? ಮೈಯಾಗ ಆರಾಮಿಲ್ಲೇನು?"