ಬಾವಿಯಲ್ಲಿ ಸಿಕ್ಕ ಮೊಟ್ಟೆ

ಅಕ್ಕಿಯಲ್ಲಿ ಕಲ್ಲು ಆರಿಸುವ ಹೊತ್ತಿನಲ್ಲಿ ಎಲ್ಲಿಲ್ಲದ ವೈರಾಗ್ಯ ಬರುತ್ತದೆ. ಮೊರ ತೊಡೆಯ ಮೇಲಿದ್ದು ಬೆರಳು ತನ್ನ ಪಾಡಿಗೆ ಓಡುತ್ತಿದ್ದರೆ ಮನಸ್ಸು ಕೈಲಾಸದವರೆಗೂ ಹೋಗಿ ಬರುತ್ತದೆ. ಆ ಶುಕ್ರವಾರ ನಾನು ಹಾಗೇ ಕೂತು, ದೇವರು ನಮಗೆ ಕೊಟ್ಟಿದ್ದನ್ನೆಲ್ಲ ನೆನೆಯುತ್ತಿದ್ದೆ. ರಾಜಾಜಿನಗರ ಅಂತ ಹೊಸದಾಗಿ ಗೀಟು ಎಳೆದ ಬಯಲಿನಲ್ಲಿ ನಮಗೂ ಒಂದು ಸೈಟು ಸಿಕ್ಕಿತು. ಅದರ ಮೇಲೆ ಮನೆ ಅಂತ ಒಂದು ಎದ್ದಿತು. ಮಳೆ ಬಂದರೆ ಅಡುಗೆಮನೆ ಸೋರುತ್ತದೆ, ದೇವರ ಮನೆ ಸೋರುವುದಿಲ್ಲ. ನರಿ ಕೂಗುತ್ತದೆ, ಒಳಗೆ ಬರುವುದಿಲ್ಲ. ಇಷ್ಟು ಕರುಣೆ ಯಾರಿಗುಂಟು ಯಾರಿಗಿಲ್ಲ. ಸಾಲದು ಅನ್ನುವುದಿದ್ದರೆ ಒಂದೇ ಒಂದು, ನೀರು.

ಬೀದಿಯ ಕೊನೆಯಲ್ಲಿ ನಲ್ಲಿ ಇರಲಿಲ್ಲ ಅಂತಲ್ಲ. ಇತ್ತು, ಮನಸ್ಸು ಬಂದಾಗ ಸುರಿಯುತ್ತಲೂ ಇತ್ತು. ಆದರೆ ನಲ್ಲಿಯೊಳಗೆ ತೊಗಲಿನ ಬಿಲ್ಲೆ ಇರುತ್ತದೆ ಅಂತ ಯಾರೋ ಪುಣ್ಯಾತ್ಮರು ನಮ್ಮತ್ತೆಯವರ ಕಿವಿಗೆ ಹಾಕಿಬಿಟ್ಟಿದ್ದರು. ಅಂದಿನಿಂದ ಆ ನೀರು ಪಾತ್ರೆ ತೊಳೆಯುವುದಕ್ಕೆ ಸರಿ, ದೇವರಿಗೂ ಅಡುಗೆಗೂ ಬಾವಿಯದೇ ಆಗಬೇಕು. ಬಾವಿ ಇದ್ದದ್ದು ಕಾಮಾಕ್ಷಿಪಾಳ್ಯದ ಕಡೆ ಗೌಡರ ತೋಟದಲ್ಲಿ. ನಾನು ದಿನಾ ಬೆಳಿಗ್ಗೆ ಒದ್ದೆ ಸೀರೆಯಲ್ಲಿ, ಸೊಂಟದ ಮೇಲೆ ತಾಮ್ರದ ಕೊಡ ಇಟ್ಟುಕೊಂಡು ರಾಗಿ ಹೊಲದ ಬದುವಿನ ಮೇಲೆ ಬರುತ್ತಿದ್ದೆ. ದಾರಿಯಲ್ಲಿ ಯಾರಾದರೂ ತಾಗಿದರೆ ಮಡಿ ಕೆಟ್ಟಿತು, ಚೆಲ್ಲಿ ಮತ್ತೆ ಹೋಗಬೇಕು. ಎಮ್ಮೆ ತಾಗಿದರೆ ದೋಷವೋ ಅಲ್ಲವೋ ಅಂತ ನಮ್ಮತ್ತೆ ಇನ್ನೂ ತೀರ್ಮಾನಿಸಿರಲಿಲ್ಲವಾದ್ದರಿಂದ ಎಮ್ಮೆ ತಾಗಿದ್ದನ್ನು ನಾನು ಹೇಳುತ್ತಿರಲಿಲ್ಲ. ಬೇಸಿಗೆ ಹತ್ತಿರ ಬಂದಾಗ ಗೌಡರ ಮನೆಯವರು ತುಂಬ ಸಂಕೋಚದಿಂದಲೇ, ಇನ್ನು ಮುಂದೆ ನಮ್ಮ ದನಕ್ಕೇ ನೀರು ಸಾಲದು ಕಣವ್ವ ಅಂದರು. ಆಗ ನಮ್ಮ ಯಜಮಾನರು ಹಿತ್ತಲಲ್ಲಿ ಬಾವಿ ತೋಡಿಸಲು ಹೊರಟರು. ಯುಗಾದಿಯೊಳಗೆ ಅದರಲ್ಲಿ ನೀರು ಕಾಣದಿದ್ದರೆ ನಾನು ಕೊಡ ಹೊತ್ತು ನಾಯಂಡಹಳ್ಳಿಯವರೆಗೂ ಹೋಗಬೇಕಾಗಿತ್ತು. ನನ್ನ ಸೊಂಟದ ಭವಿಷ್ಯವೆಲ್ಲ ಆ ಗುಂಡಿಯಲ್ಲಿತ್ತು ಅನ್ನಿ.

ಮೊರದಲ್ಲಿ ಅಕ್ಕಿ ಅರ್ಧ ಆರಿಸಿದ್ದೆ, ಮೈದುನ ಶ್ರೀಕಂಠ ಹಿತ್ತಲಿಂದ ಓಡಿಬಂದ. ಬಾವಿಯಲ್ಲಿ ಏನೋ ಸಿಕ್ಕಿದೆ, ಬೇಗ ಬನ್ನಿ ಅತ್ತಿಗೆ ಅಂದ. ನೆಲದೊಳಗೆ ಏನೋ ಸಿಕ್ಕಿದೆ ಅಂದರೆ ಒಂದು ನಿಧಿ, ಇಲ್ಲ ದೇವರು. ಎರಡಕ್ಕೂ ಬರಿಗೈಯಲ್ಲಿ ಹೋಗುವುದು ಲಕ್ಷಣವಲ್ಲ. ಕುಂಕುಮದ ಭರಣಿ ಹಿಡಿದು ಹೊರಟೆ. ಬಾವಿಯ ಪಕ್ಕದಲ್ಲಿ ಕಡಿದಿದ್ದ ಮಣ್ಣಿನ ಮೆಟ್ಟಿಲು ಇಳಿದು ನೋಡಿದರೆ, ಪಸೆ ಹತ್ತಿದ ಮಣ್ಣಿನ ನಡುವೆ ನಮ್ಮ ಬಚ್ಚಲ ಹಂಡೆಯನ್ನು ಬೋರಲು ಹಾಕಿದಷ್ಟು ದಪ್ಪನೆಯ, ಕರ‍್ರಗಿನ, ನುಣುಪಾದ ಗುಂಡು ಕಲ್ಲು. ಲಿಂಗದಂಥ ರೂಪ ಕಂಡರೆ ನನ್ನ ಬೆರಳು ನನ್ನನ್ನು ಕೇಳುವುದಿಲ್ಲ. ಭರಣಿಗೆ ಹೋಯಿತು, ಕಲ್ಲಿಗೆ ಹೋಯಿತು, ಮುಗಿಯಿತು. ಕೆಂಪಗೆ ದುಂಡಗೆ ಎಷ್ಟು ಚೆನ್ನಾಗಿ ಕಂಡಿತೆಂದರೆ, ಒಂದು ನಿಮಿಷ ನಾನೇ ಕೈ ಮುಗಿದು ನಿಂತೆ.

ಬಾವಿ ತೋಡುವವರ ಮುಖಂಡ ಮುನಿಯಪ್ಪ ಹಾರೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದ.

"ಕುಂಕುಮ ಇಟ್ಬಿಟ್ರಲ್ಲ ತಾಯಿ," ಅಂದ. "ಇನ್ನು ನಾವು ಇದಕ್ಕೆ ಹಾರೆ ಹಾಕಾಕಿಲ್ಲ."

ಅಷ್ಟು ಹೇಳಿ ಹಾರೆ ಹೊತ್ತು ಮೇಲೆ ಹೋಗಿ, ಹೊಂಗೆ ಮರದ ಕೆಳಗೆ ಕೂತು ಬೀಡಿ ಹಚ್ಚಿದ. ಆಗ ಶ್ರೀಕಂಠ, ಅದು ದೇವರಲ್ಲ ಅತ್ತಿಗೆ, ಮೊಟ್ಟೆ, ಅಂತ ಇನ್ನೊಂದು ಬಾಂಬು ಹಾಕಿದ.

ಈ ಹುಡುಗನ ವಿಷಯ ಹೇಳಿಬಿಡುತ್ತೇನೆ. ಬಿ.ಎಸ್ಸಿ. ಓದುತ್ತಿದ್ದ. ಆ ವರ್ಷ ಅವನಿಗೆ ಡೈನೋಸಾರಸ್ ಎಂಬ ಪ್ರಾಣಿಗಳ ಪಾಠ ಶುರುವಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಉಂಡಿಲ್ಲ. ಹುಳಿ ಬಡಿಸಲು ಬಗ್ಗಿದರೆ, ಮಾಗಡಿ ರಸ್ತೆಯ ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು ಉದ್ದ ಅನ್ನುತ್ತಿದ್ದ. ಮಜ್ಜಿಗೆ ಹೊತ್ತಿಗೆ ಅವು ಒಂದನ್ನೊಂದು ಹರಿದು ತಿನ್ನುತ್ತಿದ್ದವು. ಅಷ್ಟು ದೊಡ್ಡ ಪ್ರಾಣಿ ಕೋಳಿಯ ಹಾಗೆ ಮೊಟ್ಟೆ ಇಡುತ್ತಿತ್ತಂತೆ. ಇಲ್ಲಿ ನೋಡಿ ಅಂತ ಅವನು ಕಲ್ಲಿನ ಮಗ್ಗುಲು ಕೆರೆದ, ಚಕ್ಕೆ ಚಕ್ಕೆಯಾಗಿ ಸಿಪ್ಪೆ ಬಂತು. ಓಡು ಅಂದ. ನನಗೂ ಒಂದು ಕ್ಷಣ ಅನುಮಾನ ಬಂತು, ಕುಂಕುಮ ಯಾವುದರ ಹೊಟ್ಟೆಗೆ ಇಟ್ಟೆನೋ ಅಂತ.

ಸಂಜೆಯೊಳಗೆ ನಮ್ಮ ಹಿತ್ತಲು ಎರಡು ಪಕ್ಷವಾಯಿತು. ಪಕ್ಕದ ಮನೆಯ ಗೌರಮ್ಮನವರು ಮಲ್ಲಿಗೆ ಹಾರ ತಂದು ಕಲ್ಲಿಗೆ ಏರಿಸಿ, ನಮ್ಮ ಬೀದಿಯ ಪುಣ್ಯ ಅಂತ ಕಣ್ಣೊರೆಸಿಕೊಂಡರು. ಶ್ರೀಕಂಠನ ಕಾಲೇಜು ಸ್ನೇಹಿತರು ಸೈಕಲ್ಲಿನಲ್ಲಿ ಬಂದು, ಅದೇ ಹಾರವನ್ನು ಸರಿಸಿ ಟೇಪು ಹಿಡಿದು ಅಳೆದರು. ನಮ್ಮತ್ತೆಗೆ ಮಾತ್ರ ಲಿಂಗ ಪಕ್ಷವನ್ನು ಬಿಟ್ಟು ಗತಿಯೇ ಇರಲಿಲ್ಲ. ಈರುಳ್ಳಿಯನ್ನೇ ಹೊಸಿಲು ದಾಟಿಸದ ಮನೆ ನಮ್ಮದು, ಅದರ ಹಿತ್ತಲಲ್ಲಿ ಮೊಟ್ಟೆ, ಅದೂ ಹಂಡೆಯಷ್ಟು. ಇನ್ನೂ ಹಸಿಯಿದೆಯೇನೋ ಅಂತ ಶ್ರೀಕಂಠನನ್ನು ಗುಟ್ಟಾಗಿ ಕೇಳಿದರು. ಇಲ್ಲಮ್ಮ, ಕಲ್ಲಾಗಿ ಕೋಟಿಗಟ್ಟಲೆ ವರ್ಷ ಆಯ್ತು ಅಂದರೂ ಅವರಿಗೆ ಸಮಾಧಾನವಿಲ್ಲ. ಬಾವಿಯ ಸುತ್ತ ಗಂಜಳ ಚಿಮುಕಿಸಿ ಬಂದರು.

ನಮ್ಮ ಯಜಮಾನರು ಆಫೀಸಿನಿಂದ ಬಂದು, ಹಾರ ಹಾಕಿಕೊಂಡ ಕಲ್ಲನ್ನೂ ಕೆಲಸ ಬಿಟ್ಟು ಕೂತ ಆಳುಗಳನ್ನೂ ನೋಡಿ, ಕುಂಕುಮ ಇಟ್ಟವರು ಯಾರು ಅಂತ ಕೇಳಲೇ ಇಲ್ಲ. ನನ್ನ ಬೆರಳನ್ನು ನೋಡಿದರು. ಆಮೇಲೆ ಕಾಫಿ ಕುಡಿಯುತ್ತಾ ವಿಷಯವನ್ನು ಬಿಡಿಸಿ ಹೇಳಿದರು. ದೇವರಾದರೆ ಊರವರು ಸುಮ್ಮನಿರುವುದಿಲ್ಲ, ಹಿತ್ತಲಲ್ಲಿ ಗುಡಿ ಕಟ್ಟುತ್ತಾರೆ. ಮೊಟ್ಟೆಯಾದರೆ ಸರ್ಕಾರ ಸುಮ್ಮನಿರುವುದಿಲ್ಲ, ಬೇಲಿ ಹಾಕುತ್ತದೆ. ಹೇಗಾದರೂ ಬಾವಿ ಹೋಯಿತು. ಅವರು ಹೇಳಿದ್ದು ನ್ಯಾಯವಾಗಿತ್ತು, ನ್ಯಾಯವಾಗಿದ್ದರಿಂದಲೇ ಕೋಪ ಬಂತು. ದೇವರ ಮುಂದೆ ದೀಪ ಹಚ್ಚಿ, ಹುಟ್ಟಿದಂದಿನಿಂದ ಮಾಡದ ಪ್ರಾರ್ಥನೆ ಮಾಡಿದೆ: ಸ್ವಾಮಿ, ಎಲ್ಲೆಲ್ಲೂ ಇರುವವನು ನೀನು, ನಮ್ಮ ಬಾವಿಯಲ್ಲೊಂದು ಇರಬೇಡಪ್ಪ.

ಭಾನುವಾರ ಶ್ರೀಕಂಠ ತನ್ನ ಭೂಗರ್ಭಶಾಸ್ತ್ರದ ಮೇಷ್ಟ್ರನ್ನು ಕರೆತಂದ. ತೆಳ್ಳಗಿನ ವಯಸ್ಸಾದವರು, ಕೈಯಲ್ಲಿ ಛತ್ರಿ, ಜೇಬಿನಲ್ಲಿ ಪುಟ್ಟ ಸುತ್ತಿಗೆ. ಬಾವಿಗೆ ಇಳಿದು ಕಲ್ಲನ್ನು ಟಣ್ ಅಂತ ಒಮ್ಮೆ ಕುಟ್ಟಿದರು. ಮುನಿಯಪ್ಪ ಕಣ್ಣು ಮುಚ್ಚಿಕೊಂಡ, ಗೌರಮ್ಮನವರು ಶಿವ ಶಿವಾ ಅಂದರು. ಮೇಷ್ಟ್ರು ಮೇಲೆ ಬಂದು ಜಗಲಿಯಲ್ಲಿ ಕೂತು, ನನ್ನ ಕಾಫಿಯನ್ನು ಹೊಗಳಿ, ಇದು ಬೆಂಗಳೂರಿನ ಮಾಮೂಲಿ ಬಂಡೆ ಅಂದರು. ನೆಲದೊಳಗೆ ನೀರು ಗಾಳಿ ತಾಗಿ ತಾಗಿ ಮೂಲೆಗಳೆಲ್ಲ ಸವೆದು ಗುಂಡಗಾಗುತ್ತದಂತೆ, ಈರುಳ್ಳಿಯ ಹಾಗೆ ಪದರ ಪದರ ಬಿಚ್ಚುತ್ತದಂತೆ. ಈರುಳ್ಳಿ ಅಂದ ಕೂಡಲೇ ನಮ್ಮತ್ತೆ ಒಳಗೆ ಎದ್ದುಹೋದರು. ಈ ಕಲ್ಲಿನ ವಯಸ್ಸಿನ ಮುಂದೆ ಡೈನೋಸಾರಸ್ ನಿನ್ನೆ ಮೊನ್ನೆಯ ಕೂಸಂತೆ. ಅವು ಓಡಾಡುವ ಹೊತ್ತಿಗೇ ಇದು ಮುದುಕ ಕಲ್ಲಾಗಿತ್ತಂತೆ. ಮೂಳೆ, ಮೊಟ್ಟೆ ಸಿಗುವುದು ಕೆಸರು ಪದರವಾಗಿ ಕೂತು ಕಲ್ಲಾದ ಕಡೆ, ನಮ್ಮ ಕಡೆ ಅಂಥ ಕಲ್ಲೇ ಇಲ್ಲವಂತೆ.

ಮೇಷ್ಟ್ರಿಗೆ ಎರಡನೇ ಲೋಟ ಕಾಫಿ ಕೊಟ್ಟಿದ್ದೇ ತಪ್ಪಾಯಿತು, ಅಥವಾ ಪುಣ್ಯವಾಯಿತು. ಡೈನೋಸಾರಸ್ ಇದ್ದ ಕಾಲವನ್ನೆಲ್ಲ ಜಗಲಿಗೆ ಇಳಿಸಿಬಿಟ್ಟರು. ಆಗ ಭೂಮಿಯೆಲ್ಲ ಬೆಚ್ಚಗಿತ್ತಂತೆ, ಉತ್ತರದ ತುದಿಯಲ್ಲೂ ಹಿಮದ ಗಡ್ಡೆ ಇರಲಿಲ್ಲವಂತೆ. ನಮ್ಮ ದೇಶ ದಕ್ಷಿಣದ ಯಾವುದೋ ನೆಲಕ್ಕೆ ಅಂಟಿಕೊಂಡಿದ್ದು, ಆಮೇಲೆ ತವರು ಬಿಟ್ಟ ಹೆಣ್ಣಿನ ಹಾಗೆ ಬೇರೆಯಾಗಿ ಉತ್ತರಕ್ಕೆ ಹೊರಟಿತು ಅನ್ನುವವರೂ ಇದ್ದಾರಂತೆ. ಬೆಳಗಾವಿಯ ಆಚೆ ನೆಲ ಬಿರಿದು, ಅಂಬಲಿ ಉಕ್ಕಿ ಒಲೆಯ ಮೇಲೆ ಹರಿದ ಹಾಗೆ ಬೆಂಕಿಯ ಕಲ್ಲು ಹರಿದು ಪದರ ಪದರವಾಗಿ ಆರಿತಂತೆ. ಮೊದಮೊದಲು ಹೂವೇ ಇರಲಿಲ್ಲವಂತೆ. ಹಾಗಾದರೆ ಪೂಜೆಗೆ ಏನು ಮಾಡುತ್ತಿದ್ದರು ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹುಲ್ಲುಗಾವಲೂ ಇರಲಿಲ್ಲವಂತೆ. ಅಕ್ಕಿ, ರಾಗಿ ಎಲ್ಲ ಹುಲ್ಲಿನ ಜಾತಿಯೇ ಆದ್ದರಿಂದ ಅವೂ ಇರಲಿಲ್ಲ. ಬೇಯಿಸಲು ಏನೂ ಇಲ್ಲದ ಲೋಕ! ಸುಖವೋ ದುಃಖವೋ ತಿಳಿಯದೆ ತಲೆ ಗಿರ‍್ರೆಂದಿತು. ಅಂತೂ ದೇವರು ನನ್ನನ್ನು ಅಕ್ಕಿ, ಮಲ್ಲಿಗೆ ಎರಡೂ ಬಂದ ಮೇಲೆ ಹುಟ್ಟಿಸಿದನಲ್ಲ, ಅದೊಂದು ಕರುಣೆ ಲೆಕ್ಕಕ್ಕೆ ಸೇರಿತು.

ಮೊಟ್ಟೆಯಲ್ಲ ಅಂತ ಇತ್ಯರ್ಥವಾದ ಸಂತೋಷದಲ್ಲಿ ಹಿತ್ತಲಿಗೆ ಓಡಿ, ಇನ್ನು ಶುರು ಮಾಡಪ್ಪ ಅಂದೆ. ಮುನಿಯಪ್ಪ ಅಲ್ಲಾಡಲಿಲ್ಲ.

"ಮೇಷ್ಟ್ರು ಮೊಟ್ಟೆ ಅಲ್ಲ ಅಂದ್ರು. ದೇವ್ರು ಅಲ್ಲ ಅಂದ್ರಾ?"

ಹಿಂದೆಯೇ ಹಿತ್ತಲಿಗೆ ಬಂದಿದ್ದ ಮೇಷ್ಟ್ರ ಕಡೆ ಎಲ್ಲರೂ ತಿರುಗಿದೆವು. ಅವರು, ಅದು ನನ್ನ ಸಬ್ಜೆಕ್ಟ್ ಅಲ್ಲಮ್ಮ ಅಂತ ಛತ್ರಿ ಬಿಚ್ಚಿಕೊಂಡು ಬಸ್ಸಿಗೆ ಹೊರಟರು.

ಇಟ್ಟವಳು ನಾನು, ತೆಗೆಯಬೇಕಾದವಳೂ ನಾನೇ. ಒರೆಸಿಬಿಡೋಣ ಅಂದರೆ ಕುಂಕುಮ ಒರೆಸುವುದು ಅನ್ನುವ ಮಾತೇ ಬಾಯಲ್ಲಿ ಆಡುವಂಥದ್ದಲ್ಲ. ಯೋಚಿಸುತ್ತಾ ಹೊಂಗೆ ಮರದ ಕೆಳಗೆ ಹೋದೆ. ಅಲ್ಲಿ ಮುನಿಯಪ್ಪನ ಹಾರೆ ಬಿದ್ದಿತ್ತು. ಆಯುಧಪೂಜೆಯ ದಿನ ಕತ್ತಿ, ಈಳಿಗೆ, ಒನಕೆ ಎಲ್ಲಕ್ಕೂ ನಾವು ಕುಂಕುಮ ಇಡುವುದಿಲ್ಲವೆ? ಮಾರನೆಯ ದಿನ ಅದೇ ಈಳಿಗೆಯಲ್ಲಿ ಕುಂಬಳಕಾಯಿ ಹೆಚ್ಚುವುದಿಲ್ಲವೆ? ಹಾರೆಯನ್ನು ಎತ್ತಲಾರದೆ ಎತ್ತಿ, ನೀರು ಹಾಕಿ ತೊಳೆದು, ಅರಿಸಿನ ಹಚ್ಚಿ, ಕಲ್ಲಿಗೆ ಇಟ್ಟದ್ದಕ್ಕಿಂತ ಒಂದು ಸುತ್ತು ದೊಡ್ಡದಾಗಿಯೇ ಕುಂಕುಮ ಇಟ್ಟೆ. ಗೌರಮ್ಮನವರ ಹಾರವನ್ನು ಅರ್ಧ ಹರಿದು ಅದಕ್ಕೂ ಸುತ್ತಿದೆ.

"ತಗೋಪ್ಪ ಮುನಿಯಪ್ಪ," ಅಂದೆ. "ಈಗ ಇದೂ ದೇವ್ರೇ. ನಿನ್ನದು ನನ್ನದು ಏನಿದೆ, ಅವರವರು ನೋಡ್ಕೋತಾರೆ."

ಮುನಿಯಪ್ಪ ಹಾರೆಯನ್ನು ನೋಡಿದ, ಬಾವಿಯನ್ನು ನೋಡಿದ, ನನ್ನನ್ನು ನೋಡಿದ. ಬೀಡಿ ಬಿಸಾಡಿ, ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ. ಹಾರೆಯನ್ನು ಕಣ್ಣಿಗೊತ್ತಿಕೊಂಡು ಇಳಿದೇ ಇಳಿದ.

ಕಲ್ಲು ಸುಲಭಕ್ಕೆ ಬಗ್ಗಲಿಲ್ಲ, ಮಂಗಳವಾರ ಸಂಜೆಯವರೆಗೂ ಸತಾಯಿಸಿತು. ಆದರೆ ಸೀಳಿ ಮಗ್ಗುಲಾದ ಕೂಡಲೇ ಅದರ ಬುಡದಿಂದ ಬುಳುಬುಳು ಅಂತ ಒರತೆ ಎದ್ದಿತು. ನಮ್ಮ ಯಜಮಾನರು ಆಫೀಸಿನ ಪ್ಯಾಂಟಿನಲ್ಲೇ ಕೆಸರಿಗೆ ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ಮಗುವಿನ ಹಾಗೆ ಕೈ ಬಡಿದರು. ನಮ್ಮತ್ತೆ ಮೇಲಿನಿಂದ ಅಕ್ಷತೆ ಹಾಕಿದರು, ಅದೆಲ್ಲ ಮಗನ ತಲೆಯ ಮೇಲೆಯೇ ಬಿತ್ತು. ಗೌರಮ್ಮನವರು, ನೋಡಿದಿರಾ, ದೇವರೇ ದಾರಿ ಬಿಟ್ಟ ಅಂದರು. ನಾನು ನಕ್ಕು ನಕ್ಕು ಅಗೆದ ಮಣ್ಣಿನ ಗುಡ್ಡೆಯ ಮೇಲೆ ಕೂತುಬಿಟ್ಟೆ.

ಬಗ್ಗಡ ಇಳಿದು ನೀರು ತಿಳಿಯಾದ ದಿನ ಮಡಿ ಉಟ್ಟು ಮೊದಲ ಕೊಡ ಸೇದಿದೆ. ಶ್ರೀಕಂಠ ಅಲ್ಲೇ ನಿಂತಿದ್ದ. ಮೊಟ್ಟೆ ಕೈತಪ್ಪಿದ ಮೇಲೆ ಪಾಪ, ಮುಖ ಸಣ್ಣದಾಗಿತ್ತು. ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ.

"ಒಂದು ತಮಾಷೆ ಗೊತ್ತಾ ಅತ್ತಿಗೆ? ನೀರು ಹೊಸದಾಗಿ ಹುಟ್ಟಲ್ಲ. ಆವಿ ಆಗುತ್ತೆ, ಮಳೆ ಆಗುತ್ತೆ, ತಿರುಗಿ ಅದೇ ಬರುತ್ತೆ. ಡೈನೋಸಾರಸ್ ಕುಡಿದು ಬಿಟ್ಟ ನೀರೇ ಇದು."

ಕೊಡ ಸೊಂಟದ ಮೇಲೆಯೇ ನಿಂತಿತು. "ಅಂದ್ರೆ ಎಂಜಲೇನೋ?"

"ಬರೀ ಎಂಜಲಾದ್ರೆ ಪರವಾಗಿಲ್ಲ ಅತ್ತಿಗೆ, ಕುಡಿದ ಪ್ರಾಣಿ ಆಮೇಲೆ..."

ಮುಂದೆ ಮಾತಾಡಿದರೆ ಇವತ್ತು ದೋಸೆ ಇಲ್ಲ ಅಂದೆ. ಬಾಯಿ ಮುಚ್ಚಿದ. ಒಳಗಿನಿಂದ ನಮ್ಮತ್ತೆ, ಮಡಿ ನೀರು ತಂದೆಯೇನೇ ಅಂತ ಕರೆದರು. ನಾನು ಇಡೀ ಜೀವರಾಶಿಯ ಎಂಜಲನ್ನು ಸೊಂಟದ ಮೇಲೆ ಹೊತ್ತು, ತಂದೆನಮ್ಮ ಅಂತ ತುಂಬ ವಿನಯದಿಂದ ಒಳಗೆ ಹೋದೆ. ಬಟ್ಟೆ ಎರಡು ಮಡಿಕೆ ಮಾಡಿ ಸೋಸಿದೆ, ಯಾವುದಕ್ಕೂ ಇರಲಿ ಅಂತ ತುಳಸಿ ಒಂದೆಲೆ ಜಾಸ್ತಿಯೇ ಹಾಕಿದೆ. ಕುದಿಸಿದರೆ ಎಲ್ಲ ಶುದ್ಧ ಅಂತ ಯಾವುದಾದರೂ ಶಾಸ್ತ್ರದಲ್ಲಿ ಹೇಳಿರಲೇಬೇಕು ಅಂದುಕೊಂಡು, ಒಲೆಗೆ ಇನ್ನೊಂದು ಸೌದೆ ಒಟ್ಟಿ, ಬೇಳೆ ತೊಳೆಯಲು ಕೂತೆ.