ಎಂಟು ಸಿಲಿಂಡರಿನ ಸಂಸಾರ

ಇಸ್ಪೀಟಿನ ಚಟ ಇದ್ದವರು, ನಾಟಕದ ಚಟ ಇದ್ದವರು ಹೊರಗೆ ಹೋಗಿ ಚಟ ತೀರಿಸಿಕೊಂಡು ಮನೆಗೆ ಬರುತ್ತಾರೆ. ಹಳೆ ಕಾರಿನ ಚಟ ಹಾಗಲ್ಲ. ಅದು ಮನೆಗೇ ಬಂದು ನಿಲ್ಲುತ್ತದೆ. ನಿಂತದ್ದು ಅಲ್ಲಾಡುವುದಿಲ್ಲ. ನಿಂತ ಕಾರಿನ ಸುತ್ತ ಜನ ಸೇರುತ್ತಾರೆ, ಜನ ಸೇರಿದಲ್ಲಿ ಏನಾದರೂ ಒಂದು ಫಜೀತಿ ಆಗಿಯೇ ತೀರುತ್ತದೆ.

ರೋಣದಲ್ಲಿ ನಮ್ಮದು ಹಿಟ್ಟಿನ ಗಿರಣಿ. ಅದರ ಹಿಂದಿನ ತಗಡಿನ ಶೆಡ್ಡಿನಲ್ಲಿ ನನ್ನ ಕಾರುಗಳು. ಯಾವ ಬಣ್ಣದ ಕಾರು ತಂದರೂ ವಾರದೊಳಗೆ ಬೆಳ್ಳಗಾಗುತ್ತಿತ್ತು. ನೋಡಿದವರು ‘ಎಲ್ಲಾ ಬಿಳೇ ಗಾಡೀನ ಆರಿಸಿ ತರ್ತಾರ’ ಅಂದುಕೊಂಡಿದ್ದರು. ಅದು ಜೋಳದ ಹಿಟ್ಟು. ಈಗ ಅದನ್ನೆಲ್ಲ ನೆನೆಸಿಕೊಂಡರೆ ಮೊದಲು ನಗು ಬರುತ್ತದೆ, ಆಮೇಲೆ ಛೇ ಅನ್ನಿಸುತ್ತದೆ. ಛೇ ಅನ್ನಿಸುವುದು ಒಬ್ಬ ಮಿಸ್ತ್ರಿಯ ಸಲುವಾಗಿ.

ಕೋಳಿಯ ಸೀಟು

ಮೊದಲ ಕಾರು ಸಿಕ್ಕಿದ್ದು ಶಿರೋಳದಲ್ಲಿ, ಒಬ್ಬ ಅಜ್ಜಿಯ ಹಿತ್ತಲಿನಲ್ಲಿ. ಎರಡೇ ಬಾಗಿಲಿನ, ಆಮೆಯಂಥ ಗುಂಡನೆಯ ಪುಟ್ಟ ಗಾಡಿ. ಅಜ್ಜಿಯ ಗಂಡ ಕೊಂಡದ್ದಂತೆ, ಅವರು ತೀರಿಹೋದ ಮೇಲೆ ಬಣವಿಯ ಪಕ್ಕದಲ್ಲಿ ನಿಂತೇ ಇತ್ತು. ಮಾತುಕತೆ ಮುಗಿಯಿತು, ಚಹಾ ಕುಡಿದಾಯಿತು. ಎಳೆದೊಯ್ಯಲು ಹಗ್ಗ ಕಟ್ಟುತ್ತಿದ್ದಾಗ ಅಜ್ಜಿ ಓಡಿ ಬಂದಳು.

"ತಮ್ಮಾ, ತಡಿ ತಡಿ. ಒಳಗ ಕೋಳಿ ಕಾವಿಗೆ ಕುಂತೈತಿ."

ಬಗ್ಗಿ ನೋಡಿದೆ. ಹಿಂದಿನ ಸೀಟಿನ ನಡುವೆ ಗುಂಡಿ ಮಾಡಿಕೊಂಡು ಕೂತಿದ್ದ ಕೋಳಿ ನನ್ನನ್ನು ಕೆಕ್ಕರಿಸಿ ನೋಡಿತು.

"ಎಷ್ಟ ದಿನಾ ಆತಬೇ ಕುಂತು?"

"ನಿನ್ನಿ ಕುಂತೈತಿ."

ಬರಿಗೈಯಲ್ಲಿ ರೋಣಕ್ಕೆ ಬಂದೆ. ಮೂರು ವಾರ ಬಿಟ್ಟು ಹೋದೆ. ಮರಿಗಳು ಅಂಗಳದಲ್ಲಿ ಓಡಾಡುತ್ತಿದ್ದವು. ಆದರೆ ಹಿಂದಿನ ಸೀಟನ್ನು ಯಾರೋ ಕಿತ್ತು ಕಟ್ಟೆಯ ಮೇಲೆ ಇಟ್ಟಿದ್ದರು.

ನಾನು ಅಸಲಿ ಸಾಮಾನಿನ ಹುಚ್ಚ. ಸ್ಕ್ರೂ ಸಹಿತ ಕಾರಿನ ಜೊತೆಗೇ ಹುಟ್ಟಿದ್ದು ಇರಬೇಕು ನನಗೆ. "ಯಬೇ, ಸೀಟ್ ಯಾಕ ತಗದೀ? ಅದು ಅಸಲಿ ಸೀಟು" ಅಂದೆ.

"ಗಾಡಿ ನಿನಗ ಮಾರೇನಪಾ" ಅಂದಳು ಅಜ್ಜಿ. "ಸೀಟ ಕೋಳಿಗೆ ಕೊಟ್ಟ ಮೂರ ವರ್ಷಾತು. ಕೊಟ್ಟದ್ದನ್ನ ಕಸಗೊಳ್ಳಾಕ ಬರತೈತೇನು?"

ಎಂಟ್ ಸಿಲಿಂಡರ್ ಅದಾವಂತ

ದೊಡ್ಡ ಗಾಡಿ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ. ನರಗುಂದದ ಹತ್ತಿ ವ್ಯಾಪಾರಿಯೊಬ್ಬರು ಒಂದು ಕಾಲಕ್ಕೆ ಮುಂಬಯಿಯಿಂದ ತರಿಸಿದ್ದ ಅಮೆರಿಕದ ಕಾರು. ಅವರ ನಂತರ ಯಾರೂ ಮುಟ್ಟದೆ ಹತ್ತಿಯ ವಖಾರಿಯಲ್ಲಿ ಬಿದ್ದಿತ್ತು. ಅದರ ಬಾನೆಟ್ಟೇ ನಮ್ಮ ಅಡುಗೆಮನೆಗಿಂತ ಉದ್ದ. ಟ್ರ್ಯಾಕ್ಟರಿಗೆ ಕಟ್ಟಿ ರೋಣಕ್ಕೆ ಎಳೆದು ತಂದೆವು. ಸ್ಟೇರಿಂಗ್ ಹಿಡಿದು ಕೂತವರು ಗಜೇಂದ್ರಗಡದ ಗ್ಯಾರೇಜಿನ ಮಿಸ್ತ್ರಿ.

ಈ ಮಿಸ್ತ್ರಿಗೆ ಆ ಗಾಡಿಯ ಪರಿಚಯ ಹಳೆಯದು. ಪರಿಚಯ ಅಂದರೆ, ಕಂಡಿರಲಿಲ್ಲ. "ಕೇಳಿದ್ದೆ ರೀ" ಅನ್ನುತ್ತಿದ್ದರು. "ಹರೇದಾಗಿನ ಮಾತು. ಲಾರಿ ಕೆಳಗ ಅಂಗಾತ ಮಲಗಿ ನಟ್ ಬಿಚ್ಚಾಕ ಹತ್ತಿದ್ದೆ. ಇದು ಪ್ಯಾಟ್ಯಾಗ ಹಾದ ಹೋತು. ಸಪ್ಪಳ ನೆಲದಾಗಿಂದ ಬೆನ್ನಿಗೆ ಬಂತ್ರಿ. ನಾ ಹೊರಗ ಬರೂದ್ರಾಗ ಗಾಡಿ ಇಲ್ಲ, ಬರೇ ಧೂಳ. ಇನ್ನೊಮ್ಮೆ ಎಂಟೂ ಕೂಡಿ ಒದರೂದು ಕೇಳಬೇಕ್ರಿ ಸಾವ್ಕಾರ್ರ, ಅಷ್ಟ ಆಸೆ." ನನ್ನ ಕೆಲಸಕ್ಕೆ ಅವರು ರವಿವಾರ ರವಿವಾರ ಬಸ್ಸು ಹತ್ತಿ ಬರುತ್ತಿದ್ದದ್ದು ಇದೊಂದೇ ಆಸೆಗೆ.

ಅವತ್ತು ಗಾಡಿ ಓಣಿಗೆ ಬಂದಾಗ ನಾಲ್ಕು ಮಂದಿ ಸೇರಿದರು. ಮಿಸ್ತ್ರಿ ಬಾನೆಟ್ ಮೇಲೆ ಕೈ ಬಡಿದು, "ಎಂಟ್ ಸಿಲಿಂಡರ್ ಅದಾವ್ರಿ ಇದರಾಗ, ಎಂಟು!" ಅಂತ ಸಾರಿದರು. ಸಂಜೆಯೊಳಗೆ ಓಣಿಯ ಕೊನೆಯ ಮನೆಗೂ ಸುದ್ದಿ ಮುಟ್ಟಿತು. ಮರುದಿನ ಮುಂಜಾನೆ ಪಕ್ಕದ ಮನೆಯ ಅಕ್ಕ ಗಿರಣಿಯ ಬಾಗಿಲಿಗೆ ಬಂದು ದನಿ ತಗ್ಗಿಸಿದಳು.

"ಅಣ್ಣಾರ, ಬಸರಿ ಮಗಳ ಕುಬಸ ಇಟ್ಕೊಂಡೇವಿ. ಬುಕ್ ಮಾಡಿ ಇಪ್ಪತ್ತ ದಿನಾ ಆತು, ಬರವಲ್ದು. ಒಂದ ಸಿಲಿಂಡರ್ ಕೊಟ್ಟಿರ್ರಿ, ನಮ್ಮದು ಬಂದಕೂಡ್ಲೆ ತಂದ ಇಡತೀನಿ."

"ಅಕ್ಕಾರ, ನಮ್ಮನ್ಯಾಗ ಇರೂದ ಒಂದ."

"ಹಂಗ್ಯಾಕ ಅಂತೀರಿ, ಎಂಟ್ ಅದಾವಂತ ಊರೆಲ್ಲಾ ಗೊತ್ತೈತಿ."

ಮಾತಿನಿಂದ ಬಗೆಹರಿಯುವಂತೆ ಕಾಣಲಿಲ್ಲ. ಶೆಡ್ಡಿಗೆ ಕರೆದೊಯ್ದು ಬಾನೆಟ್ ಎತ್ತಿದೆ. ಈ ಕಡೆ ನಾಲ್ಕು, ಆ ಕಡೆ ನಾಲ್ಕು, ಬೆರಳಿಟ್ಟು ತೋರಿಸಿದೆ. ಆಕೆ ಸೆರಗು ಬಾಯಿಗಿಟ್ಟು ಬಹಳ ಹೊತ್ತು ನೋಡಿದಳು.

"ಇವು ತುಂಬ್ಯಾವೇನ್ರಿ?"

"ಇಲ್ರಿ, ಎಲ್ಲಾ ಖಾಲಿ."

"ಎಂಟೂ ಖಾಲಿ ಆಗೂತನಾ ಸುಮ್ನ ಕುಂತೀರಿ?" ಅಂತ ನನ್ನನ್ನೇ ಬಯ್ದಳು. "ಲಗೂನ ಬುಕ್ ಮಾಡ್ರಿ. ಮನ್ಯಾಗ ಹೆಣ್ಮಕ್ಕಳ ಗತಿ ಏನು!"

ಹತ್ತಿರದ ಅಮೆರಿಕ

ಗಾಡಿಗೆ ಕಾರ್ಬೊರೇಟರೇ ಇರಲಿಲ್ಲ. ವಖಾರಿಯಲ್ಲಿದ್ದಾಗ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಪೆಟ್ರೋಲು ಮತ್ತು ಗಾಳಿ ಕೂಡಿಸಿ ಎಂಜಿನ್ನಿಗೆ ಉಣಿಸುವುದೇ ಅದು, ಅದಿಲ್ಲದೆ ಏನೂ ನಡೆಯುವುದಿಲ್ಲ. ಉಳಿದ ಎಲ್ಲ ಕೆಲಸವನ್ನೂ ಮಿಸ್ತ್ರಿ ವರ್ಷದೊಳಗೆ ಮುಗಿಸಿಟ್ಟರು. ಒಂದು ರವಿವಾರ ಚೀಲದಿಂದ ಹಳೆಯ ಜೀಪಿನ ಕಾರ್ಬೊರೇಟರ್ ತೆಗೆದು, ಅದನ್ನೂ, ಅದು ಈ ಎಂಜಿನ್ನಿಗೆ ಹೊಂದಲೆಂದು ತಾವೇ ಅರದಿಂದ ಉಜ್ಜಿ ಮಾಡಿದ್ದ ಅಲ್ಯುಮಿನಿಯಂ ತಟ್ಟೆಯನ್ನೂ ನನ್ನ ಮುಂದಿಟ್ಟರು.

"ಇದನ್ನ ಹಾಕೂಣ್ರಿ. ಸಂಜಿಗೆ ಚಾಲೂ ಆಗತೈತಿ."

"ಅಮೆರಿಕದ ಗಾಡಿಗೆ ಜೀಪಿಂದಾ? ಬ್ಯಾಡ್ರಿ ಮಿಸ್ತ್ರಿ. ಅಸಲಿ ತರಸೂಣು."

ಅವರು ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ವಾಪಸ್ ಚೀಲಕ್ಕೆ ಹಾಕಿಕೊಂಡರು. ಆ ತಟ್ಟೆಗೆ ಎಷ್ಟು ದಿನ ಅರ ಹಿಡಿದಿದ್ದರೋ, ನಾನು ಕೇಳಲೂ ಇಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಮುಂಬಯಿಯ ಗುಜರಿ ಬಜಾರಿಗೆ ಹತ್ತಾರು ಫೋನು, ಪತ್ರ. ಪ್ರತಿ ರವಿವಾರ ಮಿಸ್ತ್ರಿ ಬಂದು, "ಅಮೆರಿಕಾ ಬಂತೇನ್ರಿ?" ಅಂತ ಕೇಳುವರು. "ದಾರ್ಯಾಗ ಐತ್ರಿ" ಅನ್ನುವೆ. ಏಳೆಂಟು ತಿಂಗಳಿಗೆ ಪಾರ್ಸಲ್ ಬಂತು. ಥಳಥಳ ಹೊಳೆಯುವ ಮಾಲು. ಊದುಬತ್ತಿ ಹಚ್ಚುವುದೊಂದೇ ಬಾಕಿ. ಮಿಸ್ತ್ರಿ ತಿರುವಿ ಮುರುವಿ ನೋಡಿ, ಕನ್ನಡಕ ಹಣೆಗೇರಿಸಿ, ಅಡಿಭಾಗವನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಸಣ್ಣ ಅಕ್ಷರದಲ್ಲಿ ‘ಬೆಳಗಾಂವ’ ಅಂತ ಒತ್ತಿತ್ತು.

"ಅಮೆರಿಕಾ ಇಷ್ಟ ಹತ್ರ ಐತಂತ ಗೊತ್ತಿದ್ರ," ಅಂದರು, "ನಾನ ಬಸ್ ಹತ್ತಿ ಹೋಗಿ ಸಂಜಿಗೆ ವಾಪಸ್ ಬರತಿದ್ನೆಲ್ರಿ!"

ನಿಂಬೆಹಣ್ಣು

ಪ್ರತಿ ಖಂಡೇನವಮಿಗೆ ಗಾಡಿಯ ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡುವೆ. ಓಡುವ ಗಾಡಿಯಾದರೆ ಹಣ್ಣು ತುಳಿದು ಮುಂದೆ ಹೋಗಬೇಕು. ನಮ್ಮದು ನಿಂತ ಗಾಡಿ. ಮೊದಲ ವರ್ಷ ಆರು ಮಂದಿ ನೂಕಿದರೂ ಅಲ್ಲಾಡಲಿಲ್ಲ, ಎರಡನೇ ವರ್ಷ ಮೂವರು ಬಂದರು, ಆಮೇಲೆ ನೂಕಲು ಕರೆದರೆ ಎಲ್ಲರಿಗೂ ಸೊಂಟನೋವು.

ಹಬ್ಬದ ಮರುದಿನ ನೋಡಿದರೆ ಗಾಲಿಗಳ ಕೆಳಗೆ ಹಣ್ಣು ಇರುತ್ತಿರಲಿಲ್ಲ. ಯಾರೋ ಮಾಟಕ್ಕೆ ಒಯ್ಯುತ್ತಾರೆಂದು ನನಗೆ ಸಂಶಯ. ನಾಲ್ಕನೇ ವರ್ಷ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಅದನ್ನೇ ಹೇಳಿದೆ. ಆಕೆ ನನ್ನ ತಾಟಿಗೆ ಉಪ್ಪಿನಕಾಯಿ ಬಡಿಸುತ್ತಾ ಅಂದಳು:

"ಮಾಟಾ ಇಲ್ಲ ಮಣ್ಣಾ ಇಲ್ಲ. ನಾಕ ವರ್ಷದಿಂದ ಅವನ್ನ ಉಣ್ಣಾಕ ಹತ್ತೀರಿ. ಆ ಗಾಡಿಯಿಂದ ಮನಿಗೆ ಬಂದ ಉತ್ಪನ್ನ ಅಂದ್ರ ಇದೊಂದ."

ಬೆಳವಣಕಿಯ ಮೆರವಣಿಗೆ

ಬೆಳವಣಕಿಯ ಪರಿಚಯದವರೊಬ್ಬರು ಮಗನ ಮದುವೆಗೆ ದೊಡ್ಡ ಗಾಡಿಯನ್ನೇ ಬೇಕೆಂದು ಹಟ ಹಿಡಿದರು. "ಎಂಜಿನ್ ನಡಿಯೂದಿಲ್ರಿ, ಅಸಲಿ ಸಾಮಾನು ಇನ್ನೂ ಸಿಕ್ಕಿಲ್ಲ" ಅಂದೆ. "ಎಂಜಿನ್ ಯಾರ ನೋಡ್ತಾರ್ರಿ, ಎತ್ತ ಕಟ್ಟೂಣು" ಅಂದರು. ಪುರ್ತಗೇರಿಯಿಂದ ಒಂದು ಜೋಡಿ ಎತ್ತು ಬಂದವು. ಕೋಡಿಗೆ ಗೊಂಡೆ, ಕೊರಳಿಗೆ ಗೆಜ್ಜೆ, ಮೈಮೇಲೆ ಝೂಲ. ಹಿಂದಿನ ಸೀಟಿನಲ್ಲಿ ಮದುಮಗ, ಸ್ಟೇರಿಂಗ್ ಹಿಡಿದು ಇಸ್ತ್ರಿಯ ಅಂಗಿಯಲ್ಲಿ ನಮ್ಮ ಮಿಸ್ತ್ರಿ, ಪಕ್ಕದಲ್ಲಿ ನಾನು. ಎರಡು ತಿಂಗಳು ಪಾಲಿಶ್ ಮಾಡಿದ್ದ ಗಾಡಿ. ಜನ ನೋಡಲಿ ಎಂದು ಕಿಟಕಿಯಿಂದ ಕೈ ಹೊರಗೆ ಹಾಕಿ ಕೂತಿದ್ದೆ.

ಜನ ನೋಡಿದರು. "ಏನ್ ಎತ್ತಲೇ!" ಅಂದರು. "ಹಲ್ಲ ಎಷ್ಟು?" ಅಂತ ಕೇಳಿದರು. ಫೋಟೋದವನು ಎತ್ತಿನ ಮುಂದೆ ಕೂತು ಫೋಟೋ ಹೊಡೆದ, ನಾವು ಯಾವುದರಲ್ಲೂ ಬರಲಿಲ್ಲ. ಕೊನೆಗೆ ಹಿರಿಯರು ಆಹೇರಿ ಉಡುಗೊರೆ ಮಾಡುವಾಗ ಎತ್ತಿನವನಿಗೆ ರುಮಾಲು ಸುತ್ತಿದರು. ನಾನೂ ತಲೆ ಬಗ್ಗಿಸಿ ನಿಂತೆ. ಅವರು ನನ್ನ ಕೈಗೆ ಎರಡು ಬಾಳೆಹಣ್ಣು ಕೊಟ್ಟು ಅಂದರು: "ಎತ್ತಿಗೆ ತಿನ್ನಸ್ರಿ, ದಣದಾವು."

ಹಿಂದಿರುಗುವಾಗ ಮಿಸ್ತ್ರಿ ನಗಲಿಲ್ಲ. "ಆ ಜೀಪಿಂದು ಇನ್ನೂ ಇಟ್ಟೇನ್ರಿ ಸಾವ್ಕಾರ್ರ" ಅಂದರು, ಅಷ್ಟೆ. ನಾನು ಕೇಳಿಸದವನಂತೆ ರಸ್ತೆ ನೋಡುತ್ತಾ ಕೂತೆ.

ಎಂಟನೆಯದು

ನರಗುಂದದ ಗೆಳೆಯರೊಬ್ಬರ ಅಳಿಯ ದುಬೈಯಿಂದ ಬರುವಾಗ ಅಸಲಿ ಕಾರ್ಬೊರೇಟರ್ ತಂದುಕೊಟ್ಟ. ಗಾಡಿ ಬಂದು ಎಂಟು ವರ್ಷವಾಗಿತ್ತು. ಈ ನಡುವೆ ಮಿಸ್ತ್ರಿ ಗ್ಯಾರೇಜು ಮುಚ್ಚಿದ್ದರು, ರವಿವಾರ ಬರುವುದೂ ನಿಂತಿತ್ತು. ಮೈಯಲ್ಲಿ ಹುಷಾರಿಲ್ಲ ಅಂತ ಯಾರೋ ಹೇಳಿದ್ದರು. ಹೋಗಿ ಮಾತಾಡಿಸಬೇಕು ಅನ್ನುತ್ತಲೇ ನಾನು ವರ್ಷದ ಮೇಲೆ ಆರು ತಿಂಗಳು ಕಳೆದಿದ್ದೆ. ಗಾಡಿ ಚಾಲೂ ಮಾಡಿಕೊಂಡೇ ಹೋಗಿ ಬೆರಗುಗೊಳಿಸೋಣ ಅನ್ನುವ ದೊಡ್ಡಸ್ತಿಕೆ ನನ್ನದು.

ರೋಣದ ಇನ್ನೊಬ್ಬ ಮೆಕ್ಯಾನಿಕ್ ಕೂಡಿಸಿಕೊಟ್ಟ. ಗಾಡಿ ಹಿಡಿಯಿತು. ನಾನೇ ಸ್ಟೇರಿಂಗ್ ಹಿಡಿದು ಹೊರಟೆ. ಗಜೇಂದ್ರಗಡದ ದಾರಿಯುದ್ದಕ್ಕೂ ಹೊಲದಲ್ಲಿದ್ದವರು ಸೆಟೆದು ನಿಂತು ನೋಡಿದರು. ಮಿಸ್ತ್ರಿಯ ಮನೆಯ ಮುಂದೆ ನಿಲ್ಲಿಸಿದೆ, ಎಂಜಿನ್ ಬಂದ್ ಮಾಡಲಿಲ್ಲ. ಓಣಿಯ ತಗಡುಗಳೆಲ್ಲ ಅದುರುತ್ತಿದ್ದವು. ಅವರು ಓಡಿ ಬರುತ್ತಾರೆಂದು ಕಾದೆ. ಬರಲಿಲ್ಲ. ಅವರ ಸೊಸೆ ಹೊರಗೆ ಬಂದು ನೋಡಿ, ಒಳಗೆ ಹೋಗಿ ಅವರನ್ನು ಕೈ ಹಿಡಿದು ಕರೆತಂದಳು.

ಮಿಸ್ತ್ರಿ ಹೊಸ್ತಿಲಲ್ಲಿ ನಿಂತು ಗಾಡಿ ನೋಡಿದರು, ನನ್ನನ್ನು ನೋಡಿದರು. ಓಣಿಯ ಈ ತುದಿ ಆ ತುದಿ ನೋಡಿದರು.

"ಬರ್ರಿ ಸಾವ್ಕಾರ್ರ! ಟ್ರ್ಯಾಕ್ಟರ್ ಎಲ್ಲಿ ನಿಲ್ಲಿಸಿ ಬಂದ್ರಿ?"

ಚೇಷ್ಟೆ ಮಾಡುತ್ತಿದ್ದಾರೆಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸೊಸೆ ನಗಲಿಲ್ಲ. "ಅಬ್ಬಾಗ ಕಿವಿ ಕೇಳಸೂದಿಲ್ರಿ" ಅಂದಳು. "ಜಡ್ಡ ಆಗಿತ್ತಲ್ರಿ, ಹ್ವಾದ ವರ್ಷದಿಂದ ಪೂರಾ ಹೋಗ್ಯಾವು. ದವಾಖಾನ್ಯಾಗ ಇನ್ನ ಆಗೂದಿಲ್ಲ ಅಂದ್ರು."

ನನ್ನ ನಗು ಬಾಯಲ್ಲೇ ಉಳಿಯಿತು. ಒಂದು ಜೀಪಿನ ಸಾಮಾನು, ಒಂದು ಅಲ್ಯುಮಿನಿಯಂ ತಟ್ಟೆ. ಹೂಂ ಅಂದಿದ್ದರೆ ಅವತ್ತೇ ಸಂಜೆ ಅವರು ಕೇಳುತ್ತಿದ್ದರು. ಆರು ವರ್ಷ ಕೇಳುತ್ತಿದ್ದರು.

ಮಿಸ್ತ್ರಿ ಮೆಟ್ಟಿಲಿಳಿದು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಇಟ್ಟವರು ತೆಗೆಯಲಿಲ್ಲ. ಮುಖ ಬೇರೆಯಾಯಿತು. ನಾನು ಹತ್ತಿರ ಹೋಗಿ, ಎಂಟು ಬೆರಳು ತೋರಿಸಿ, "ಎಂಟೂ ನಡದಾವ್ರಿ!" ಅಂತ ಒದರಿದೆ. ಅವರು ಕಣ್ಣು ಮುಚ್ಚಿಕೊಂಡು ಇನ್ನೊಂದು ಕೈಯನ್ನೂ ಇಟ್ಟರು. ಆಮೇಲೆ ನನ್ನ ಒಂದು ಬೆರಳನ್ನು ಹಿಡಿದು ಮಡಚಿದರು.

"ಏಳು" ಅಂದರು. "ಒಂದ್ ಸುಮ್ನ ಕುಂತೈತಿ."

ಬಾನೆಟ್ ಎತ್ತಿಸಿ, ಸಾಲಾಗಿ ಕೈಯಾಡಿಸುತ್ತಾ ಹೋಗಿ, ಹಿಂದಿನ ಮೂಲೆಯ ಪ್ಲಗ್ಗಿನ ಸಡಿಲ ವೈರನ್ನು ಒತ್ತಿದರು. ಕರೆಂಟು ಹೊಡೆದು ಕೈ ಝಾಡಿಸಿ, ರೋಣದ ಮೆಕ್ಯಾನಿಕ್ಕಿಗೆ ಒಂದು ಬೈಗುಳ ಕೊಟ್ಟು, ಮತ್ತೆ ಒತ್ತಿದರು. ಎಂಟನೆಯದು ಹಿಡಿಯಿತು. ಅಲ್ಲಿಯವರೆಗೆ ನಾನು ಕೇಳಿದ್ದು ಏನೂ ಅಲ್ಲ. ಸಪ್ಪಳ ನೆಲದಿಂದ ಎದ್ದು ಎದೆಗೆ ಬಂತು. ನೆಟ್ಟಗಿನ ಎರಡು ಕಿವಿ ಇದ್ದೂ ದಾರಿಯುದ್ದಕ್ಕೂ ನನಗೆ ತಿಳಿದಿರಲಿಲ್ಲ, ಅವರ ಅಂಗೈಗೆ ತಿಳಿಯಿತು.

ಮಿಸ್ತ್ರಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಹ್ಯಾಂಗ ಕೇಳತೈತ್ರಿ?" ಅಂದರು.

"ಭಾಳ ಚಲೋ ಐತ್ರಿ ಮಿಸ್ತ್ರಿ" ಅಂದದ್ದು ತುಟಿ ದಾಟಿತೋ ಇಲ್ಲವೋ.

ಅವರು ಕಿವಿಗೆ ಕೈ ಅಡ್ಡ ಹಿಡಿದು ನನ್ನತ್ತ ಬಗ್ಗಿದರು.

"ಜೋರಲೆ ಹೇಳ್ರಿ ಸಾವ್ಕಾರ್ರ! ಈ ಗಾಡಿ ಗದ್ದಲದಾಗ ಏನೂ ಕೇಳವಲ್ದು."